ಟ್ರೋಫಿ ಲೆಕ್ಕ ಆಮೇಲೆ, ಮೊದಲು ಮೈದಾನದ ಲೆಕ್ಕ

ಕ್ರೀಡಾ ವಿಭಾಗದ ಮುಖ್ಯಸ್ಥರು ನಿವೃತ್ತರಾದಾಗ ಬೀಳ್ಕೊಡುಗೆ ಸಮಾರಂಭದಲ್ಲಿ ಏನು ಹೇಳುತ್ತಾರೆ ಅಂತ ಎಲ್ಲರಿಗೂ ಗೊತ್ತು. ಇವರ ಅವಧಿಯಲ್ಲಿ ಇಷ್ಟು ಟ್ರೋಫಿ, ಇಷ್ಟು ಪದಕ, ಇಷ್ಟು ಜನ ಯೂನಿವರ್ಸಿಟಿ ಬ್ಲೂ. ಒಂದು ಶಾಲು, ಒಂದು ಹಾರ, ಹಣ್ಣಿನ ಬುಟ್ಟಿ. ಮುಗಿಯಿತು.

ಆ ಲೆಕ್ಕದಲ್ಲಿ ನೋಡಿದರೂ ಕ್ರಿಸ್ಟಿನ್ ಗ್ರ್ಯಾಂಟ್ ಅವರದು ಕಡಿಮೆಯೇನಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1973ರಿಂದ 2000ದವರೆಗೆ ಅವರು ಮಹಿಳಾ ಕ್ರೀಡಾ ನಿರ್ದೇಶಕಿ. ಆ ಅವಧಿಯಲ್ಲಿ ಅಲ್ಲಿನ ಹೆಣ್ಣುಮಕ್ಕಳ ತಂಡಗಳು 'ಬಿಗ್ ಟೆನ್' ಅನ್ನುವ ವಿಶ್ವವಿದ್ಯಾಲಯಗಳ ಕೂಟದಲ್ಲಿ 27 ಸಲ ಚಾಂಪಿಯನ್ ಆದವು. 1986ರಲ್ಲಿ ಹಾಕಿಯಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನೂ ಗೆದ್ದವು. ಆದರೆ ಟ್ರೋಫಿ ಎಣಿಸುತ್ತಾ ಕುಳಿತರೆ ಅವರು ಮಾಡಿದ ನಿಜವಾದ ಕೆಲಸ ಕಣ್ಣಿಗೆ ಬೀಳುವುದೇ ಇಲ್ಲ ಅನ್ನುವುದು ನಮ್ಮ ಅಭಿಪ್ರಾಯ.

ಮೊದಲು ಈ ಹುದ್ದೆ ಏನು ಅಂತ ಹೇಳಿಬಿಡುತ್ತೇವೆ. ನಮ್ಮ ಪದವಿ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರು ಇರುತ್ತಾರೆ, ನಾವು ಪಿ.ಇ. ಸರ್ ಅನ್ನುತ್ತೇವೆ. ಇದ್ದ ಒಂದು ಮೈದಾನದಲ್ಲಿ, ಇದ್ದ ಚಿಕ್ಕ ಕ್ರೀಡಾ ಶುಲ್ಕದಲ್ಲಿ ತಂಡ ಕಟ್ಟಿ ಕರೆದುಕೊಂಡು ಹೋಗುವ ಕೆಲಸ ಅವರದು. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರ ಕುರ್ಚಿ ಇದಕ್ಕಿಂತ ಎಷ್ಟೋ ದೊಡ್ಡದು. ಕೋಚ್‌ಗಳನ್ನು ನೇಮಿಸುವುದು, ತೆಗೆಯುವುದು, ವಿದ್ಯಾರ್ಥಿವೇತನ ಹಂಚುವುದು, ಕ್ರೀಡಾಂಗಣ ಕಟ್ಟಿಸುವುದು, ಯಾವ ಆಟ ಉಳಿಯಬೇಕು ಯಾವುದನ್ನು ನಿಲ್ಲಿಸಬೇಕು ಅನ್ನುವುದು, ಎಲ್ಲವೂ ಆ ಕುರ್ಚಿಯಿಂದಲೇ. ದುಡ್ಡು ದೊಡ್ಡದು, ಅಧಿಕಾರವೂ ದೊಡ್ಡದು. ಆ ಕುರ್ಚಿಯಲ್ಲಿ ಕೂತವರು ಸಾಮಾನ್ಯವಾಗಿ ಗಂಡಸರು.

ಗ್ರ್ಯಾಂಟ್ ಹುಟ್ಟಿದ್ದು 1936ರಲ್ಲಿ, ಸ್ಕಾಟ್ಲೆಂಡಿನ ಬೋನೆಸ್ ಅನ್ನುವ ಊರಲ್ಲಿ. ದೈಹಿಕ ಶಿಕ್ಷಣ ಓದಿ ಅಲ್ಲೇ ಮೇಡಂ ಆಗಿದ್ದರು. ಆಮೇಲೆ ಕೆನಡಾಕ್ಕೆ ಹೋಗಿ ಹಾಕಿ ಕಲಿಸಿದರು. ನಾವು ಆಡುವ ಹುಲ್ಲಿನ ಮೈದಾನದ ಹಾಕಿಯೇ, ಹಿಮದ ಮೇಲಿನದಲ್ಲ. 1960ರ ದಶಕದ ಕೊನೆಗೆ ಓದಲೆಂದು ಅಯೋವಾಕ್ಕೆ ಬಂದರು. ಹುಡುಗಿಯರು ಆಡುವುದು ಸಹಜ ಅಂತ ನೋಡಿ ಬೆಳೆದ ಅವರಿಗೆ ಅಮೆರಿಕದಂಥ ಶ್ರೀಮಂತ ದೇಶದ ಕಾಲೇಜುಗಳಲ್ಲಿ ಹೆಣ್ಣುಮಕ್ಕಳಿಗೆ ಆಟವೇ ಇಲ್ಲದ್ದು ಕಂಡು ಆಶ್ಚರ್ಯವಾಯಿತು. ಆ ಕಾಲದಲ್ಲಿ ಅಲ್ಲಿನ ಎಷ್ಟೋ ಕಾಲೇಜುಗಳ ಹುಡುಗಿಯರು ಕೇಕು ಮಾರಿ ಬಸ್ಸಿನ ದುಡ್ಡು ಹೊಂದಿಸಿ ಪಂದ್ಯಕ್ಕೆ ಹೋಗುತ್ತಿದ್ದರು.

ಇಲ್ಲಿ ಅಯೋವಾದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅದು ಮುಸುಕಿನ ಜೋಳ, ಸೋಯಾ, ಹಂದಿ ಸಾಕಣೆಯ ರಾಜ್ಯ. ಒಟ್ಟಿನಲ್ಲಿ ರೈತರ ನಾಡು. ಅಲ್ಲಿ ಹೈಸ್ಕೂಲು ಹುಡುಗಿಯರಿಗೆ ಅವರದೇ ಒಂದು ಬ್ಯಾಸ್ಕೆಟ್‌ಬಾಲ್ ಇತ್ತು. ತಂಡಕ್ಕೆ ಆರು ಜನ. ಮೂವರು ಅಂಕಣದ ಅರ್ಧದಲ್ಲಿ ನಿಂತು ಬುಟ್ಟಿಗೆ ಹಾಕುವವರು, ಮೂವರು ಇನ್ನರ್ಧದಲ್ಲಿ ತಡೆಯುವವರು. ನಡುಗೆರೆ ದಾಟುವಂತಿಲ್ಲ, ಚೆಂಡನ್ನು ಎರಡು ಸಲಕ್ಕಿಂತ ಹೆಚ್ಚು ನೆಲಕ್ಕೆ ಬಡಿಯುವಂತಿಲ್ಲ. ಹೆಣ್ಣು ಮೈಗೆ ಪೂರ್ತಿ ಅಂಕಣ ಓಡುವುದು ಆಗದು ಅನ್ನುವ ಕಾಲದ ನಿಯಮ ಅದು. ನಿಯಮ ಹಳೆಯದಾದರೂ ಆಟಕ್ಕೆ ಸೇರುತ್ತಿದ್ದ ಜನಕ್ಕೆ ಕೊರತೆ ಇರಲಿಲ್ಲ. ಸಣ್ಣ ಊರುಗಳಲ್ಲಿ ಪಂದ್ಯದ ಸಂಜೆ ಇಡೀ ಊರೇ ಶಾಲೆಯ ಜಿಮ್‌ನಲ್ಲಿ ಇರುತ್ತಿತ್ತು. 1925ರಲ್ಲಿ ಇದನ್ನು ನಿಲ್ಲಿಸಬೇಕು ಅನ್ನುವ ಮಾತು ಬಂದಾಗ, ಸಣ್ಣ ಊರಿನ ಶಾಲೆಗಳ ಮುಖ್ಯಸ್ಥರೇ ಸಭೆಯಿಂದ ಹೊರಬಂದು ಹುಡುಗಿಯರ ಆಟಕ್ಕೇ ಬೇರೆ ಸಂಘ ಕಟ್ಟಿದರು. ದೊಡ್ಡ ಪಟ್ಟಣಗಳ ಶಾಲೆಗಳು ಹುಡುಗಿಯರಿಗೆ ಆಟ ಬೇಡ ಅಂತ ಕೂತಿದ್ದಾಗ ಹಳ್ಳಿಗಳು ಆಡಿಸಿದವು. ಆರು ಜನರ ಆ ಆಟ 1993ರವರೆಗೂ ಉಳಿದಿತ್ತು. ಹಳ್ಳಿ ಅಂದರೆ ಹಿಂದುಳಿದದ್ದು ಅನ್ನುವವರಿಗೆ ಈ ಕತೆ ಹೇಳಲು ನಮಗೆ ಒಂದಿಷ್ಟು ಹೆಚ್ಚೇ ಖುಷಿ.

ಅಂದರೆ ಹುಡುಗಿಯರ ಆಟ ನೋಡುವ ಜನ ಅಯೋವಾದಲ್ಲಿ ಇದ್ದರು. ಹೈಸ್ಕೂಲು ಮುಗಿಸಿದ ಹುಡುಗಿ ಕಾಲೇಜಿಗೆ ಬಂದ ಮೇಲೆ ಆಡಲು ಜಾಗವೇ ಇರಲಿಲ್ಲ.

1972ರ ಜೂನ್‌ನಲ್ಲಿ ಅಮೆರಿಕದಲ್ಲಿ ಒಂದು ಕಾನೂನು ಬಂತು, ಹೆಸರು ಟೈಟಲ್ ನೈನ್. ಸರ್ಕಾರದ ದುಡ್ಡು ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಹೆಣ್ಣು ಗಂಡು ಅಂತ ಭೇದ ಮಾಡುವಂತಿಲ್ಲ ಅನ್ನುವುದು ಅದರ ತಿರುಳು. ಅದರಲ್ಲಿ ಆಟ ಅನ್ನುವ ಪದವೇ ಇಲ್ಲ. ಆದರೆ ಕಾಲೇಜಿನ ಆಟವೂ ಶಿಕ್ಷಣದ ಭಾಗ ತಾನೇ? ಅಲ್ಲಿಂದ ಜಗಳ ಶುರುವಾಯಿತು. ಮರುವರ್ಷ ಅಯೋವಾ ವಿಶ್ವವಿದ್ಯಾಲಯ ಮಹಿಳಾ ಕ್ರೀಡೆಗೇ ಒಂದು ಪ್ರತ್ಯೇಕ ವಿಭಾಗ ತೆರೆದು ಗ್ರ್ಯಾಂಟ್ ಅವರನ್ನು ಕೂರಿಸಿತು.

ಪುರುಷರ ಕ್ರೀಡೆಗೆ ಬೇರೆ ನಿರ್ದೇಶಕರು, ಮಹಿಳೆಯರದ್ದಕ್ಕೆ ಬೇರೆ. ಇದು ಸುಮ್ಮನೆ ಬೋರ್ಡು ಬದಲಾಯಿಸಿದ ಮಾತಲ್ಲ. ಪುರುಷರ ವಿಭಾಗದ ಬಾಗಿಲಲ್ಲಿ ನಿಂತು ಉಳಿದದ್ದು ಕೊಡಿ ಅಂತ ಕೇಳುವ ಬದಲು ತನ್ನದೇ ಬಜೆಟ್ ಹಿಡಿದು, ತನಗೆ ಬೇಕಾದ ಕೋಚ್‌ಗಳನ್ನು ತಾನೇ ಆರಿಸಿ, ವಿಶ್ವವಿದ್ಯಾಲಯದ ಮೇಲಿನವರ ಜೊತೆ ನೇರವಾಗಿ ಮಾತಾಡುವ ಶಕ್ತಿ ಅದು. ಗ್ರ್ಯಾಂಟ್ ಅದನ್ನು 27 ವರ್ಷ ಬಿಟ್ಟುಕೊಡಲಿಲ್ಲ. ಉಳಿದ ಹೆಚ್ಚಿನ ವಿಶ್ವವಿದ್ಯಾಲಯಗಳು ಎರಡೂ ವಿಭಾಗಗಳನ್ನು ಸೇರಿಸಿ ಒಬ್ಬ ಗಂಡಸಿನ ಕೈಗೆ ಕೊಟ್ಟ ಕಾಲದಲ್ಲೂ ಅಯೋವಾದಲ್ಲಿ ಅವು ಬೇರೆಯಾಗಿಯೇ ಇದ್ದವು. ಎರಡೆರಡು ಕಚೇರಿ ಎರಡೆರಡು ಖರ್ಚು ಅನ್ನುವ ಆಕ್ಷೇಪ ಬರುವುದು ಸಹಜ. ಇರಬಹುದು. ಆದರೆ ಖರ್ಚು ಉಳಿಸಲು ಮುಚ್ಚುವ ಕಚೇರಿ ಯಾವಾಗಲೂ ಹೆಣ್ಣುಮಕ್ಕಳದ್ದೇ ಯಾಕೆ ಆಗಬೇಕು ಅಂತ ನಮ್ಮ ಪ್ರಶ್ನೆ.

1983ರಲ್ಲಿ ಅವರು ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ವಿವಿಯನ್ ಸ್ಟ್ರಿಂಗರ್ ಅವರನ್ನು ಕೋಚ್ ಆಗಿ ಕರೆತಂದರು. ಪೆನ್ಸಿಲ್ವೇನಿಯಾದ ಚೇಯ್ನಿ ಅನ್ನುವ ಸಣ್ಣ ಕಪ್ಪುಜನರ ಕಾಲೇಜಿನ ತಂಡವನ್ನು ರಾಷ್ಟ್ರೀಯ ಫೈನಲ್‌ವರೆಗೆ ಒಯ್ದಿದ್ದ ಕಪ್ಪು ಮಹಿಳೆ ಸ್ಟ್ರಿಂಗರ್. ಬಹುಪಾಲು ಬಿಳಿಯರೇ ಇರುವ ರೈತರ ರಾಜ್ಯಕ್ಕೆ ಅವರನ್ನು ಕರೆತರುವುದು ಆ ಕಾಲಕ್ಕೆ ಸಣ್ಣ ನಿರ್ಧಾರವಲ್ಲ. ಎರಡು ವರ್ಷ ಕಳೆದಿರಲಿಲ್ಲ, 1985ರ ಫೆಬ್ರವರಿ 3ರಂದು ಅಯೋವಾ ಮತ್ತು ಒಹಾಯೊ ಸ್ಟೇಟ್ ಹುಡುಗಿಯರ ಪಂದ್ಯಕ್ಕೆ 22,157 ಜನ ಬಂದರು. ಕ್ರೀಡಾಂಗಣದಲ್ಲಿ ಹಿಡಿಸುವುದೇ ಸುಮಾರು 15,500. ಮೆಟ್ಟಿಲ ಮೇಲೆ, ನಡೆದಾಡುವ ದಾರಿಯಲ್ಲಿ, ಎಲ್ಲೆಂದರಲ್ಲಿ ಜನ. ಅಲ್ಲಿಯವರೆಗೆ ಮಹಿಳಾ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯವೊಂದಕ್ಕೆ ಅಷ್ಟು ಜನ ಸೇರಿರಲಿಲ್ಲ. ಆ ಪಂದ್ಯದಲ್ಲಿ ಅಯೋವಾ ಸೋತಿತು. ಟ್ರೋಫಿ ಲೆಕ್ಕದವರ ಪುಸ್ತಕದಲ್ಲಿ ಅದು ಒಂದು ಸೋಲು, ಅಷ್ಟೆ. ಹುಡುಗಿಯರ ಆಟ ಯಾರು ನೋಡುತ್ತಾರೆ ಅನ್ನುವ ಮಾತಿಗೆ ಅದಕ್ಕಿಂತ ದೊಡ್ಡ ಉತ್ತರ ನಮಗೆ ತೋಚುವುದಿಲ್ಲ.

ಹಾಗಂತ ಅವರು ಎಲ್ಲ ಜಗಳವನ್ನೂ ಗೆದ್ದವರಲ್ಲ. ದೊಡ್ಡದೊಂದನ್ನು ಸೋತರು. 1971ರಲ್ಲಿ ಹುಟ್ಟಿದ ಎ.ಐ.ಎ.ಡಬ್ಲ್ಯು. ಅನ್ನುವ ಸಂಸ್ಥೆ ಇತ್ತು. ಕಾಲೇಜು ಮಹಿಳೆಯರ ರಾಷ್ಟ್ರೀಯ ಪಂದ್ಯಗಳನ್ನು ಮಹಿಳೆಯರೇ ನಡೆಸುತ್ತಿದ್ದ ಸಂಸ್ಥೆ ಅದು. ಗ್ರ್ಯಾಂಟ್ 1980-81ರಲ್ಲಿ ಅದರ ಅಧ್ಯಕ್ಷೆ. ಪುರುಷರ ಆಟ ನಡೆಸುತ್ತಿದ್ದ ಎನ್.ಸಿ.ಎ.ಎ. ಮೊದಲು ಟೈಟಲ್ ನೈನ್ ಆಟಕ್ಕೆ ಅನ್ವಯಿಸಬಾರದು ಅಂತ ಹೋರಾಡಿತು. ಅದು ಆಗದಿದ್ದಾಗ ತಾನೇ ಮಹಿಳೆಯರ ಚಾಂಪಿಯನ್‌ಶಿಪ್ ನಡೆಸಲು ಶುರುಮಾಡಿತು. ದುಡ್ಡು, ಟಿವಿ ಎಲ್ಲ ಅದರ ಕೈಯಲ್ಲಿತ್ತು. ಎ.ಐ.ಎ.ಡಬ್ಲ್ಯು. ಕೋರ್ಟಿಗೆ ಹೋಯಿತು, ಸೋತಿತು, ಮುಚ್ಚಿತು.

ಅದರ ಪರಿಣಾಮ ಇವತ್ತಿಗೂ ಕಾಣುತ್ತದೆ. 1972ರಲ್ಲಿ ಅಮೆರಿಕದ ಕಾಲೇಜು ಮಹಿಳಾ ತಂಡಗಳ ಕೋಚ್‌ಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಹಿಳೆಯರೇ ಇದ್ದರು. ಈಗ ಅರ್ಧಕ್ಕಿಂತ ಕಡಿಮೆ. ಆಡುವ ಹುಡುಗಿಯರ ಸಂಖ್ಯೆ ಹತ್ತು ಪಟ್ಟು ಏರಿತು. ಹೈಸ್ಕೂಲುಗಳಲ್ಲಿ 1971-72ರಲ್ಲಿ ಮೂರು ಲಕ್ಷವೂ ಇಲ್ಲದ್ದು ಮೂವತ್ತು ಲಕ್ಷ ದಾಟಿತು. ಆದರೆ ಕಾಲೇಜಿನಲ್ಲಿ ದುಡ್ಡು, ಸಂಬಳ ಬಂದ ಕೂಡಲೇ ಕೋಚ್ ಕುರ್ಚಿಗೆ ಗಂಡಸರು ಬಂದರು. ಆಡುವವರು ಹೆಚ್ಚಾದರು, ತೀರ್ಮಾನ ಮಾಡುವ ಹೆಂಗಸರು ಕಡಿಮೆಯಾದರು.

ಫುಟ್‌ಬಾಲ್ ದುಡ್ಡು ತರುತ್ತದೆ, ಅದನ್ನು ಈ ಕಾನೂನಿನಿಂದ ಬಿಡಿ ಅನ್ನುವ ತಿದ್ದುಪಡಿಯನ್ನು 1974ರಲ್ಲಿ ಟವರ್ ಅನ್ನುವ ಸೆನೆಟರ್ ತಂದಿದ್ದರು. ಅದು ನಿಲ್ಲಲಿಲ್ಲ. ಟೈಟಲ್ ನೈನ್ ಪರವಾಗಿ ಅಮೆರಿಕದ ಸಂಸತ್ತಿನ ಸಮಿತಿಗಳ ಮುಂದೆ ಸಾಕ್ಷಿ ಹೇಳಿದವರಲ್ಲಿ ಗ್ರ್ಯಾಂಟ್ ಒಬ್ಬರು. ಈ ವಾದ ನಮಗೆ ಹೊಸದಲ್ಲ. ಮಗ ನಾಳೆ ದುಡಿದು ತರುತ್ತಾನೆ, ಹಾಲು ಅವನಿಗೇ ಇರಲಿ ಅನ್ನುವ ಮನೆಗಳನ್ನು ನೀವೂ ನೋಡಿದ್ದೀರಿ. ಇನ್ನೂ ತಮಾಷೆ ಅಂದರೆ, ಅಲ್ಲಿನ ಹೆಚ್ಚಿನ ವಿಶ್ವವಿದ್ಯಾಲಯಗಳ ಕ್ರೀಡಾ ವಿಭಾಗಗಳು ಗಳಿಸುವುದಕ್ಕಿಂತ ಖರ್ಚು ಮಾಡುವುದೇ ಹೆಚ್ಚು. ಮಗ ದುಡಿದು ತಂದದ್ದೂ ಅಷ್ಟಕ್ಕಷ್ಟೆ.

2000ದಲ್ಲಿ ಗ್ರ್ಯಾಂಟ್ ನಿವೃತ್ತರಾದರು. ಅದೇ ವರ್ಷ ವಿಶ್ವವಿದ್ಯಾಲಯ ಎರಡೂ ವಿಭಾಗಗಳನ್ನು ಒಂದು ಮಾಡಿತು. ಆಮೇಲೆ ಏನಾಯಿತು ನೋಡಿ. 2014ರಲ್ಲಿ ಹಾಕಿ ಕೋಚ್ ಆಗಿದ್ದ ಮಹಿಳೆಯನ್ನು ಕೆಲಸದಿಂದ ತೆಗೆದರು. ಅದರ ಬೆನ್ನಿಗೇ ಎದ್ದ ತಾರತಮ್ಯದ ಪ್ರಕರಣದಲ್ಲಿ 2017ರಲ್ಲಿ ಜ್ಯೂರಿ ವಿಭಾಗದ ಹಿರಿಯ ಮಹಿಳಾ ಅಧಿಕಾರಿಯ ಪರ ತೀರ್ಪು ಕೊಟ್ಟಿತು. ಕೊನೆಗೆ ಇಬ್ಬರ ಪ್ರಕರಣಗಳನ್ನೂ ವಿಶ್ವವಿದ್ಯಾಲಯ 65 ಲಕ್ಷ ಡಾಲರ್ ಕೊಟ್ಟು ಮುಗಿಸಿತು. 2020ರಲ್ಲಿ ಕೊರೊನಾ ಹೊತ್ತಿನಲ್ಲಿ ದುಡ್ಡಿಲ್ಲ ಅಂತ ನಾಲ್ಕು ಆಟ ನಿಲ್ಲಿಸಲು ಹೊರಟಿತು, ಅದರಲ್ಲಿ ಮಹಿಳೆಯರ ಈಜು ಒಂದು. ಈಜುಗಾರ್ತಿಯರು ಟೈಟಲ್ ನೈನ್ ಹಿಡಿದು ಕೋರ್ಟಿಗೆ ಹೋದರು. ಮಹಿಳೆಯರ ಈಜು ಉಳಿಯಿತು, ಜೊತೆಗೆ ಹುಡುಗಿಯರ ಕುಸ್ತಿ ತಂಡವೂ ಬಂತು. ಆ ಕುಸ್ತಿ ತಂಡ 2024ರಲ್ಲಿ, ಮೊದಲ ಪೂರ್ತಿ ಸೀಸನ್‌ನಲ್ಲೇ ರಾಷ್ಟ್ರೀಯ ಚಾಂಪಿಯನ್ ಆಯಿತು.

ಗ್ರ್ಯಾಂಟ್ 2021ರ ಡಿಸೆಂಬರ್ 31ರಂದು, 85ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ನೋಡದೆ ಹೋದದ್ದು ಇನ್ನೂ ಇದೆ. 2023ರ ಅಕ್ಟೋಬರ್‌ನಲ್ಲಿ ಅಯೋವಾದ ಫುಟ್‌ಬಾಲ್ ಸ್ಟೇಡಿಯಂ ನಡುವೆ ಬ್ಯಾಸ್ಕೆಟ್‌ಬಾಲ್ ಅಂಕಣ ಹಾಕಿ ಹುಡುಗಿಯರನ್ನು ಆಡಿಸಿದಾಗ 55,646 ಜನ ಬಂದರು. ಅಯೋವಾದವರೇ ಆದ ಕೇಟ್ಲಿನ್ ಕ್ಲಾರ್ಕ್ ಆಡಿದ 2024ರ ಮಹಿಳಾ ಫೈನಲ್ ಅನ್ನು ಅಮೆರಿಕದಲ್ಲಿ ಟಿವಿಯಲ್ಲಿ ನೋಡಿದವರು ಸುಮಾರು 1.89 ಕೋಟಿ. ಪುರುಷರ ಫೈನಲ್‌ಗೆ ಅಷ್ಟು ಜನ ಇರಲಿಲ್ಲ. ಆ ತಂಡದ ಕೋಚ್ ಲೀಸಾ ಬ್ಲೂಡರ್ ಅಯೋವಾಕ್ಕೆ ಬಂದದ್ದು 2000ದಲ್ಲಿ, ಗ್ರ್ಯಾಂಟ್ ಬಿಟ್ಟುಹೋದ ವರ್ಷ. ಕ್ಲಾರ್ಕ್ ಪ್ರತಿಭೆ ಕ್ಲಾರ್ಕ್‌ದೇ, ಅದರ ಕೀರ್ತಿಯನ್ನು ನಾವು ಬೇರೆಯವರಿಗೆ ಹಂಚುವುದಿಲ್ಲ. ಆದರೆ ಆ ಹುಡುಗಿ ಬರುವಷ್ಟರಲ್ಲಿ ಅಂಕಣ, ಕೋಚ್, ಟಿಕೆಟ್ ತೆಗೆದುಕೊಂಡು ಬರುವ ಜನ ಎಲ್ಲವೂ ಕಾಯುತ್ತಿದ್ದವು. ಅವು ತಾವಾಗಿ ಬಂದವಲ್ಲ.

ಇಷ್ಟು ಬರೆಯಲು ಕಾರಣವಾದ ಇನ್ನೊಂದು ಕಾನೂನಿದೆ. ಸರ್ಕಾರಿ ನೆರವು ಪಡೆಯುವ ಕಾಲೇಜುಗಳು ಪುರುಷರ ಆಟಕ್ಕೆ ಎಷ್ಟು, ಮಹಿಳೆಯರ ಆಟಕ್ಕೆ ಎಷ್ಟು ಖರ್ಚಾಯಿತು ಅಂತ ಪ್ರತಿ ವರ್ಷ ಬಹಿರಂಗವಾಗಿ ಹೇಳಲೇಬೇಕು ಅಂತ 1994ರಲ್ಲಿ ಅಮೆರಿಕ ಕಾನೂನು ಮಾಡಿತು. ಯಾರು ಬೇಕಾದರೂ ನೋಡಬಹುದು. ನಮ್ಮಲ್ಲಿ ಅಂಥ ಪಟ್ಟಿ ಯಾರೂ ತಾವಾಗಿ ತಂದು ಕೈಗೆ ಕೊಡುವುದಿಲ್ಲ. ಆದರೆ ಸರ್ಕಾರಿ ಕಾಲೇಜಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಲಿ. 30 ದಿನದಲ್ಲಿ ಉತ್ತರ ಕೊಡಬೇಕು.

ನಿಮ್ಮ ಮಗಳೋ ತಂಗಿಯೋ ಓದುವ ಕಾಲೇಜಿಗೆ ಹೀಗೆ ಕೇಳಿ: ಕಳೆದ ಮೂರು ವರ್ಷ ವಿದ್ಯಾರ್ಥಿಗಳಿಂದ ಕ್ರೀಡಾ ಶುಲ್ಕ ಎಷ್ಟು ಬಂತು, ಹುಡುಗರ ತಂಡಗಳಿಗೆ ಎಷ್ಟು, ಹುಡುಗಿಯರ ತಂಡಗಳಿಗೆ ಎಷ್ಟು ಖರ್ಚಾಯಿತು, ಹುಡುಗಿಯರನ್ನು ಯಾವ ಯಾವ ಪಂದ್ಯಕ್ಕೆ ಕಳಿಸಲಾಯಿತು, ಪ್ರಯಾಣಕ್ಕೆ ಎಷ್ಟು ಕೊಡಲಾಯಿತು. ಪಿ.ಇ. ಸರ್ ಮೇಲೆ ದೂರು ಅಂತ ಯಾರೂ ತಿಳಿಯಬೇಕಿಲ್ಲ. ಎಷ್ಟೋ ಕಡೆ ಅವರೇ ಕೈಯಿಂದ ದುಡ್ಡು ಹಾಕಿ ಮಕ್ಕಳನ್ನು ಕರೆದುಕೊಂಡು ಹೋಗುವವರು, ಲೆಕ್ಕ ಹೊರಬಂದರೆ ಅವರಿಗೂ ಒಳ್ಳೆಯದೇ. ಉತ್ತರ ಬಂದಾಗ ಅದರ ಫೋಟೋ ತೆಗೆದು ನಮಗೂ ಕಳಿಸಿ, ನಿಮ್ಮ ಹೆಸರು ಹಾಕದೆ ಇಲ್ಲೇ ಪ್ರಕಟಿಸುತ್ತೇವೆ.