ಅಪ್ಪ ಒಬ್ಬರೇ, ಕ್ರಿಯಾಪದ ಬಹುವಚನ

ಬಿ.ಕಾಂ. ಮೊದಲ ವರ್ಷದ ಇಂಗ್ಲಿಷ್ ತರಗತಿ. ಮನೆಯವರ ಬಗ್ಗೆ ನಾಲ್ಕು ವಾಕ್ಯ ಹೇಳು ಅಂದರು. ಎದ್ದು ನಿಂತು ‘ಮೈ ಫಾದರ್ ಆರ್ ಎ ಫಾರ್ಮರ್’ ಅಂದೆ. ಇಡೀ ಕ್ಲಾಸು ನಕ್ಕಿತು. ಹಿಂದಿನ ಬೆಂಚಿನವನೊಬ್ಬ ‘ಎಷ್ಟು ಮಂದಿ ಅಪ್ಪಂದಿರೋ ನಿನಗ?’ ಎಂದು ಕೇಳಿದ. ಹತ್ತನೆಯ ಇಯತ್ತೆಯವರೆಗೆ ಜತ್ತ ತಾಲೂಕಿನ ಕನ್ನಡ ಶಾಲೆಯಲ್ಲಿ ಓದಿದ ನಾನು, ಆ ದಿನ ಕೂತವನು ಆ ತರಗತಿಯಲ್ಲಿ ವರ್ಷವಿಡೀ ಬಾಯಿ ಬಿಡಲಿಲ್ಲ.

ಈಗ ಬಿಡುತ್ತೇನೆ. ತಪ್ಪು ನನ್ನದೇ, ‘ಈಸ್’ ಅನ್ನಬೇಕಿತ್ತು. ಆದರೆ ಆ ತಪ್ಪು ದಡ್ಡತನದಿಂದ ಹುಟ್ಟಿದ್ದಲ್ಲ, ವ್ಯಾಕರಣದಿಂದ ಹುಟ್ಟಿದ್ದು. ‘ಅಪ್ಪ ಬಂದರು’ ಅನ್ನುವವರು ನಾವು. ಒಬ್ಬರಾದರೂ ಗೌರವಕ್ಕೆ ಬಹುವಚನ. ಇಂಗ್ಲಿಷಿನವರೂ ಇದನ್ನೇ ಮಾಡಿದವರು. ಅವರ ‘ಯೂ’ ಮೂಲದಲ್ಲಿ ನಮ್ಮ ‘ನೀವು’. ‘ನೀನು’ ಎನ್ನಲು ‘ದೌ’ ಇತ್ತು. ಮರ್ಯಾದೆಗೆಂದು ಒಬ್ಬನಿಗೂ ‘ಯೂ’ ಅನ್ನುತ್ತ ಅನ್ನುತ್ತ, 17ನೆಯ ಶತಮಾನದ ಹೊತ್ತಿಗೆ ‘ದೌ’ ಮೂಲೆಗೆ ಸೇರುತ್ತ ಬಂತು. ಇವತ್ತು ಒಬ್ಬನೆದುರು ನಿಂತು ‘ಯೂ ಆರ್’ ಅನ್ನುವಾಗ ಬರುವುದು ಆ ಬಹುವಚನದ ಕ್ರಿಯಾಪದವೇ. ಅದಕ್ಕೆ ಯಾರೂ ನಗುವುದಿಲ್ಲ!

ಹೋದ ವರ್ಷ ನಾಸಿಕ ಮತ್ತು 2023ರಲ್ಲಿ ಹೆಸರು ಬದಲಾದ ಔರಂಗಾಬಾದ್, ಅಂದರೆ ಛತ್ರಪತಿ ಸಂಭಾಜಿನಗರಕ್ಕೆ ಪ್ರವಾಸ ಹೋಗಿದ್ದೆವು. ಕವಿರಾಜಮಾರ್ಗ ಕನ್ನಡನಾಡಿನ ಎಲ್ಲೆಯೆಂದು ಹೇಳಿದ ಗೋದಾವರಿಯ ದಂಡೆಯಲ್ಲಿ ನಾನು ಯೋಚಿಸಿದ್ದು, ಸಾಹಿತ್ಯ ವೃಂದದ ಗೆಳೆಯರು ಕ್ಷಮಿಸಬೇಕು, ದ್ರಾಕ್ಷಿಯ ವಚನದ ಬಗ್ಗೆ. ‘ದ್ರಾಕ್ಷಿ ತಿಂದೆ’ ಅಂದರೆ ಒಂದೋ ಒಂದು ಬುಟ್ಟಿಯೋ, ನಮಗೆ ಲೆಕ್ಕವಿಲ್ಲ. ಇಂಗ್ಲಿಷಿನಲ್ಲಿ ‘ಗ್ರೇಪ್ಸ್’ ಆಗಬೇಕು. ರಸ ಹಿಂಡಿದರೆ ಮತ್ತೆ ‘ಗ್ರೇಪ್ ಜ್ಯೂಸ್’! ಮರಾಠಿಯಲ್ಲಿ ಒಂದು ಗುಹೆ ‘ಲೇಣೆ’, ಹಲವಾದರೆ ‘ಲೇಣಿ’. ನಾಸಿಕದ ಪಾಂಡವಲೇಣಿಗೆ ಹೆಸರಿನಲ್ಲೇ ಬಹುವಚನ. ರಾಷ್ಟ್ರಕೂಟರ ಕೃಷ್ಣನ ಕಾಲದ ಕೈಲಾಸವಿರುವ ಎಲ್ಲೋರಾದಲ್ಲಿ ನಾವು ಮಾತ್ರ ‘34 ಗುಹೆ ಅದಾವಂತ’ ಎನ್ನುತ್ತ ನಡೆದೆವು. ಸಂಖ್ಯೆ ಹೇಳಿಯಾದ ಮೇಲೆ ‘ಗಳು’ ಯಾಕೆ ಬೇಕು? ಮನುಷ್ಯರಾದರೆ ಬೇಕು, ‘ಇಬ್ಬರು ಹುಡುಗ’ ಅಂತ ಯಾರೂ ಅನ್ನುವುದಿಲ್ಲ. ಅದಕ್ಕೇ ಇರಬೇಕು, ನಾನು ‘ಟೂ ಬುಕ್’ ಎಂದು ಎಷ್ಟೋ ಸಲ ಬರೆದಿದ್ದೇನೆ, ‘ಟೂ ಬಾಯ್’ ಎಂದು ಬರೆದ ನೆನಪಿಲ್ಲ.

ನಿಮ್ಮ ಜೇಬಿನ ನೋಟು ತೆಗೆದು ನೋಡಿ. ಕನ್ನಡದಲ್ಲಿ ‘ಹತ್ತು ರುಪಾಯಿಗಳು’ ಎಂದಿದೆ. ಅಂಗಡಿಯಲ್ಲಿ ಹಾಗೆ ಕೇಳುವವರುಂಟೆ? ಅದೇ ಪಟ್ಟಿಯಲ್ಲಿ ಬಂಗಾಳಿಯ ‘ದಶ್ ಟಾಕಾ’ ಬಾಲವಿಲ್ಲದೆ ಆರಾಮಾಗಿ ಕೂತಿದೆ. ನಮ್ಮ ‘ಗಳು’ ಇಂಗ್ಲಿಷಿನ ‘ರುಪೀಸ್’ ನೋಡಿ ಅಂಟಿಕೊಂಡದ್ದೆಂದು ನನ್ನ ಗುಮಾನಿ.

ಕನ್ನಡವೇ ನಮ್ಮ ಇಂಗ್ಲಿಷನ್ನು ಕೆಡಿಸುತ್ತದೆ ಎನ್ನುವವರಿಗೆ ಒಂದು ಮಾತು. ನಮ್ಮಲ್ಲಿ ಬಹಳ ಜನ, ಕಾನ್ವೆಂಟಿನವರೂ, ‘ವನ್ ಆಫ್ ಮೈ ಫ್ರೆಂಡ್’ ಅಂತಾರೆ. ಕನ್ನಡದಲ್ಲಿ ಯೋಚಿಸಿದ್ದರೆ ಆ ತಪ್ಪು ಆಗುತ್ತಿರಲಿಲ್ಲ. ‘ನನ್ನ ಗೆಳೆಯರಲ್ಲಿ ಒಬ್ಬ ಬಂದ.’ ಗೆಳೆಯರು ಬಹುವಚನ, ಆದ್ದರಿಂದ ‘ಫ್ರೆಂಡ್ಸ್’. ಬಂದವನು ಒಬ್ಬ, ಆದ್ದರಿಂದ ‘ಈಸ್’. ಇಷ್ಟು ಹೇಳಿಕೊಡಲು ಎರಡು ನಿಮಿಷ ಸಾಕು. ನನಗೆ ಯಾರೂ ಹೇಳಲಿಲ್ಲ. ಎಲ್ಲೋರಾದಿಂದ ವಾಪಸು ಬರುವ ಬಸ್ಸಿನಲ್ಲಿ ನಾನೇ ಹುಡುಕಿಕೊಂಡೆ.

ಎಲ್ಲವೂ ಹೀಗೆ ಬಿಡಿಸಿಕೊಳ್ಳುವುದಿಲ್ಲ, ಒಪ್ಪುತ್ತೇನೆ. ಹತ್ತು ಕುರ್ಚಿಯಿದ್ದರೂ ‘ಫರ್ನಿಚರ್’, ಒಂದೇ ಕಟ್ಟಡವಾದರೂ ‘ಪ್ರೆಮಿಸಸ್’, ಒಂದೇ ಮೂಟೆಯಾದರೂ ‘ಗೂಡ್ಸ್’. ಕಾಮರ್ಸಿನವರಿಗೆ ಇವು ಲೆಜರಿನಲ್ಲಿ ದಿನಾ ಸಿಗುವಂಥವು, ಬಾಯಿಪಾಠ ಮಾಡಿದರಾಯಿತು.

ನನ್ನ ಬೇಡಿಕೆ ದೊಡ್ಡದಲ್ಲ. ಇಂಗ್ಲಿಷ್ ಮೇಷ್ಟ್ರೂ ಕನ್ನಡ ಮೇಷ್ಟ್ರೂ ಶನಿವಾರ ಒಂದು ತಾಸು ಒಂದೇ ಕೋಣೆಗೆ ಬರಲಿ. ಹಲಗೆಯ ಎಡಕ್ಕೆ ಕನ್ನಡ ವಾಕ್ಯ, ಬಲಕ್ಕೆ ಇಂಗ್ಲಿಷ್. ಮೊದಲನೆಯದನ್ನು ನಾನೇ ಎದ್ದು ಬರೆಯುತ್ತೇನೆ, ಅದೇ ಅಪ್ಪನದು.