ಮನೆಯಂಗಳದ ಅಣಬೆ: ಜಾಹೀರಾತಿನ ಲೆಕ್ಕ ಮತ್ತು ಹುಲ್ಲಿನ ಲೆಕ್ಕ



ಕಳೆದ ಕೆಲವು ವರ್ಷಗಳಿಂದ ರಾಜ್ಯದ ಗ್ರಾಮಗಳಲ್ಲಿ ಅಣಬೆ ಬೇಸಾಯದ ಬಗೆಗಿನ ಆಸಕ್ತಿ ಎದ್ದು ಕಾಣುವಷ್ಟು ಹೆಚ್ಚಿದೆ. ಸ್ವಸಹಾಯ ಸಂಘಗಳ ಮಹಿಳೆಯರು, ನಗರದಿಂದ ಊರಿಗೆ ಮರಳಿದ ಯುವಕರು, ಒಂದೆರಡು ಎಕರೆ ಜಮೀನಿರುವ ಸಣ್ಣ ರೈತರು ಇದನ್ನು ಉಪಕಸುಬಾಗಿ ಕೈಗೊಳ್ಳಲು ಮುಂದೆ ಬರುತ್ತಿದ್ದಾರೆ. ಇದು ಸ್ವಾಗತಾರ್ಹ. ಆದರೆ ಇದರ ಜೊತೆಜೊತೆಗೇ ಮೊಬೈಲ್ ಪರದೆಯ ಮೇಲೆ ಬೇರೊಂದು ಬಗೆಯ ಪ್ರಚಾರವೂ ಬೆಳೆದಿದೆ. ಒಂದು ಕೋಣೆಯಿದ್ದರೆ ತಿಂಗಳಿಗೆ ಐವತ್ತು ಸಾವಿರ ರೂಪಾಯಿ, ಬೆಳೆದದ್ದನ್ನೆಲ್ಲ ನಾವೇ ಕೊಳ್ಳುತ್ತೇವೆ ಎಂಬ ಧಾಟಿಯ ಜಾಹೀರಾತುಗಳನ್ನು ನೀವೂ ನೋಡಿರುತ್ತೀರಿ. ಅಣಬೆಯನ್ನು ಮನೆಯಲ್ಲಿ ಬೆಳೆಯಲು ಕಲಿಯುವುದು ಕಷ್ಟವಲ್ಲ. ಕಲಿಯುವ ಮೊದಲೇ ಸಾಲ ಮಾಡಿ ದೊಡ್ಡ ಘಟಕ ಕಟ್ಟುವುದರಲ್ಲಿಯೇ ನಷ್ಟದ ಮೂಲವಿದೆ. ಹತ್ತು ಚೀಲಗಳಿಂದ ಆರಂಭಿಸಿ, ಸ್ವಂತ ಮಾರಾಟ ಬೆಳೆದಂತೆ ಮಾತ್ರ ಚೀಲಗಳನ್ನು ಹೆಚ್ಚಿಸಿಕೊಂಡು ಹೋಗುವುದೇ ಸುರಕ್ಷಿತ ಮಾರ್ಗ. ಅದು ಏಕೆಂಬುದನ್ನು ಇಲ್ಲಿ ಲೆಕ್ಕಸಮೇತ ವಿವರಿಸಲಾಗಿದೆ.

ಆಸಕ್ತಿಗೆ ಆಧಾರವಿದೆ

ಹಿಮಾಚಲ ಪ್ರದೇಶದ ಸೋಲನ್ ಪಟ್ಟಣವನ್ನು 1997ರಲ್ಲಿ ಭಾರತದ ಅಣಬೆ ನಗರವೆಂದು ಘೋಷಿಸಲಾಯಿತು. ದೇಶದ ಅಣಬೆ ಸಂಶೋಧನಾ ನಿರ್ದೇಶನಾಲಯವೂ ಅಲ್ಲಿಯೇ ಇದೆ. ಅಂದು ಅಣಬೆಯೆಂದರೆ ತಂಪು ಪ್ರದೇಶದ ಬೆಳೆ ಎಂಬ ಭಾವನೆಯಿತ್ತು. ಇಂದು ಬಯಲುಸೀಮೆಯ ಬಿಹಾರವು ದೇಶದ ಪ್ರಮುಖ ಅಣಬೆ ಉತ್ಪಾದಕ ರಾಜ್ಯಗಳ ಮೊದಲ ಸಾಲಿಗೆ ಬಂದಿದೆ. ಅಲ್ಲಿ ಸಣ್ಣ ಹಿಡುವಳಿದಾರರು ಮತ್ತು ಮಹಿಳೆಯರು ಮನೆಯ ಮಟ್ಟದಲ್ಲಿ ಅಣಬೆ ಬೆಳೆಯುತ್ತಿರುವುದು ಈ ಬೆಳವಣಿಗೆಯ ಒಂದು ಮುಖ್ಯ ಭಾಗ. ಸಮಸ್ತಿಪುರ ಜಿಲ್ಲೆಯ ಪೂಸಾದಲ್ಲಿರುವ ಕೇಂದ್ರೀಯ ಕೃಷಿ ವಿಶ್ವವಿದ್ಯಾಲಯವು ತರಬೇತಿಯ ಮೂಲಕ ಅದಕ್ಕೆ ಬೆಂಬಲ ನೀಡಿದೆ.

ಕರ್ನಾಟಕದಲ್ಲಿಯೂ ಅನುಕೂಲಗಳಿವೆ. ಭತ್ತದ ಹುಲ್ಲು ದೊರೆಯುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಯಂತ್ರದ ಕೊಯ್ಲಿನ ಬಳಿಕ ಹುಲ್ಲನ್ನು ಗದ್ದೆಯಲ್ಲಿಯೇ ಸುಡುವ ರೂಢಿಯೂ ಇದೆ. ಚಿಪ್ಪು ಅಣಬೆಗೆ 20ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಮತ್ತು ಶೇ. 80ಕ್ಕಿಂತ ಹೆಚ್ಚಿನ ಆರ್ದ್ರತೆ ಸಾಕು. ಮಳೆಗಾಲದ ಆರಂಭದಿಂದ ಚಳಿಗಾಲದ ಕೊನೆಯವರೆಗೆ ರಾಜ್ಯದ ಬಹುಭಾಗದಲ್ಲಿ ಇದು ಸಾಧ್ಯ. ಬೇಸಿಗೆಯ ಬಿಸಿಗೆ ಹಾಲು ಅಣಬೆ ಹೊಂದುತ್ತದೆಯಾದರೂ ಅದರ ಚೀಲದ ಮೇಲೆ ಹದಗೊಳಿಸಿದ ಮಣ್ಣಿನ ಹೊದಿಕೆ ಹಾಕಬೇಕಾಗುತ್ತದೆ. ಅದು ಎರಡನೆಯ ವರ್ಷದ ಪಾಠ. ಗುಂಡಿ ಅಣಬೆಗೆ ವಿಶೇಷ ಕಾಂಪೋಸ್ಟ್ ಮತ್ತು ಫಸಲಿನ ಹಂತದಲ್ಲಿ 14ರಿಂದ 18 ಡಿಗ್ರಿಯ ತಂಪು ಬೇಕು. ಹವಾನಿಯಂತ್ರಣವಿಲ್ಲದೆ ನಮ್ಮಲ್ಲಿ ಅದು ಹೊಸಬರ ಬೆಳೆಯಲ್ಲ. ಆದುದರಿಂದ ಕಲಿಯುವವರು ಚಿಪ್ಪು ಅಣಬೆಯಿಂದಲೇ ಆರಂಭಿಸಬೇಕು.

ಜಾಹೀರಾತಿನ ಲೆಕ್ಕವನ್ನು ಬಿಡಿಸಿ ನೋಡೋಣ

ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯಿಂದ ತಿಂಗಳಿಗೆ ಐವತ್ತು ಸಾವಿರ ರೂಪಾಯಿ ಎಂಬ ಮಾತನ್ನೇ ತೆಗೆದುಕೊಳ್ಳೋಣ. ಅದು ಲಾಭವಲ್ಲ, ಒಟ್ಟು ವಹಿವಾಟು ಮಾತ್ರ ಎಂದು ಭಾವಿಸಿ, ಲೆಕ್ಕಕ್ಕಾಗಿ ಕಿಲೋಗೆ 200 ರೂಪಾಯಿ ದರ ಇಟ್ಟುಕೊಂಡರೂ ತಿಂಗಳಿಗೆ 250 ಕಿಲೋ ತಾಜಾ ಅಣಬೆ ಮಾರಾಟವಾಗಬೇಕು. ಎಂದರೆ ದಿನಕ್ಕೆ ಎಂಟು ಕಿಲೋಗೂ ಹೆಚ್ಚು. 200 ಗ್ರಾಮಿನ ಸುಮಾರು 42 ಪೊಟ್ಟಣಗಳು, ಭಾನುವಾರವೂ ಬಿಡದೆ, ಹಬ್ಬದ ದಿನವೂ ಬಿಡದೆ.

ಇನ್ನು ಹುಲ್ಲಿನ ಲೆಕ್ಕ. ಒಂದು ಕಿಲೋ ಒಣ ಹುಲ್ಲಿನಿಂದ ಸಾಮಾನ್ಯವಾಗಿ 500ರಿಂದ 800 ಗ್ರಾಂ ತಾಜಾ ಚಿಪ್ಪು ಅಣಬೆ ದೊರೆಯುತ್ತದೆ. ಹೊಸಬರು 600 ಗ್ರಾಂ ಎಂದು ಲೆಕ್ಕ ಹಾಕುವುದು ವಿವೇಕ. ಆಗ ದಿನಕ್ಕೆ ಎಂಟು ಕಿಲೋ ಅಣಬೆಗೆ ಪ್ರತಿದಿನ ಸುಮಾರು 14 ಕಿಲೋ ಒಣ ಹುಲ್ಲನ್ನು ಕತ್ತರಿಸಿ, ನೆನೆಸಿ, ಬಿಸಿನೀರಿನಲ್ಲಿ ಸಂಸ್ಕರಿಸಿ, 14 ಚೀಲ ತುಂಬಬೇಕು. ಬೀಜ ಹಾಕಿದ ದಿನದಿಂದ ಕೊನೆಯ ಕೊಯ್ಲಿನವರೆಗೆ ಒಂದು ಚೀಲವು ಸುಮಾರು 50 ದಿನ ಕೋಣೆಯಲ್ಲಿರುತ್ತದೆ. ಆದುದರಿಂದ ಯಾವುದೇ ದಿನ ಎಣಿಸಿದರೂ 700 ಚೀಲಗಳಿರಬೇಕು. ಒದ್ದೆ ಹುಲ್ಲಿನ ಒಂದು ಚೀಲ ಸುಮಾರು ಮೂರು ಕಿಲೋ ತೂಗುತ್ತದೆ. ಒಟ್ಟು ಎರಡು ಟನ್ನಿಗೂ ಹೆಚ್ಚು ಭಾರ. ಅಷ್ಟನ್ನು ಗಾಳಿಯಾಡುವಂತೆ ಆ ಕೋಣೆಯಲ್ಲಿ ತೂಗುಹಾಕಲು ಸಾಧ್ಯವೇ ಎಂಬುದನ್ನು ನೀವೇ ನಿರ್ಧರಿಸಬಹುದು. ಇಷ್ಟೆಲ್ಲ ಆದ ಮೇಲೂ ಹುಲ್ಲು, ಬೀಜ, ಉರುವಲು, ಕೂಲಿ, ಸಾಗಾಣಿಕೆಗಳ ವೆಚ್ಚವನ್ನು ಇನ್ನೂ ಕಳೆದಿಲ್ಲ. ನಿಮ್ಮ ಊರಿನ ದರ ಬೇರೆಯಿದ್ದರೆ ಅದನ್ನೇ ಹಾಕಿ ನೋಡಿ. ಲೆಕ್ಕದ ಕ್ರಮ ಬದಲಾಗುವುದಿಲ್ಲ.

ಮರುಖರೀದಿ ಒಪ್ಪಂದ: ಸಹಿಗೆ ಮುನ್ನ

ಬೆಳೆದದ್ದನ್ನೆಲ್ಲ ಕೊಳ್ಳುವ ಭರವಸೆ ನೀಡುವವರೆಲ್ಲರೂ ಮೋಸಗಾರರಲ್ಲ. ಆದರೆ ತಾಜಾ ಚಿಪ್ಪು ಅಣಬೆ ಹೊರಗಿನ ವಾತಾವರಣದಲ್ಲಿ ಒಂದೆರಡು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ. ಇನ್ನೂರು ಮುನ್ನೂರು ಕಿಲೋಮೀಟರ್ ದೂರದ ಕಂಪನಿಯೊಂದು ನಿಮ್ಮ ಮನೆಯ ಐದು ಕಿಲೋ ಅಣಬೆಗಾಗಿ ಪ್ರತಿದಿನ ವಾಹನ ಕಳುಹಿಸುವುದು ಹೇಗೆ? ಆದ್ದರಿಂದಲೇ ಇಂತಹ ಬಹಳಷ್ಟು ಒಪ್ಪಂದಗಳಲ್ಲಿ ಒಣಗಿಸಿದ ಅಣಬೆಯನ್ನು ಕೊಳ್ಳುವ ಮಾತಿರುತ್ತದೆ. ಕಿಲೋಗೆ 700 ರೂಪಾಯಿ ಎಂಬುದು ಕಿವಿಗೆ ಇಂಪಾಗಿ ಕೇಳುತ್ತದೆ. ಆದರೆ ತಾಜಾ ಅಣಬೆಯಲ್ಲಿ ಶೇ. 90ರಷ್ಟು ನೀರೇ ಇರುವುದರಿಂದ ಹತ್ತು ಕಿಲೋ ಒಣಗಿಸಿದರೆ ಸಿಗುವುದು ಸುಮಾರು ಒಂದು ಕಿಲೋ. ಎಂದರೆ ತಾಜಾ ಅಣಬೆಗೆ ನಿಮಗೆ ಬಿದ್ದ ದರ 70 ರೂಪಾಯಿ. ಒಣಗಿಸುವ ಶ್ರಮ ಬೇರೆ. ಆ ಒಂದು ಕಿಲೋಗಾಗಿ ನೀವು ಸುಮಾರು 17 ಕಿಲೋ ಹುಲ್ಲನ್ನು ಸಂಸ್ಕರಿಸಿರುತ್ತೀರಿ.

ಸಹಿ ಮಾಡುವ ಮುನ್ನ ಈ ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಪಡೆಯಿರಿ:

1. ದರ ತಾಜಾ ಅಣಬೆಗೋ ಒಣ ಅಣಬೆಗೋ? ತೂಕ ಯಾರ ತಕ್ಕಡಿಯಲ್ಲಿ, ಎಲ್ಲಿ ಆಗುತ್ತದೆ?
2. ಸಾಗಾಣಿಕೆ ವೆಚ್ಚ ಯಾರದು? ಗುಣಮಟ್ಟ ಸರಿಯಿಲ್ಲವೆಂದು ತಿರಸ್ಕರಿಸುವ ಅಧಿಕಾರ ಯಾರಿಗಿದೆ, ಯಾವ ಮಾನದಂಡದ ಮೇಲೆ?
3. ಬೀಜ, ಚೀಲ, ಔಷಧಿಗಳನ್ನು ಅವರಿಂದಲೇ ಕೊಳ್ಳಬೇಕೆಂಬ ನಿಬಂಧನೆಯಿದೆಯೇ? ಮುಂಗಡ ಠೇವಣಿ ಇದೆಯೇ?
4. ಆ ಸಂಸ್ಥೆಯ ಆದಾಯ ಅಣಬೆ ಮಾರುವುದರಿಂದ ಬರುತ್ತಿದೆಯೋ, ಹೊಸ ಬೆಳೆಗಾರರಿಗೆ ಬೀಜ ಮತ್ತು ತರಬೇತಿ ಮಾರುವುದರಿಂದಲೋ?

ಇವುಗಳಲ್ಲಿ ನಾಲ್ಕನೆಯದೇ ಮುಖ್ಯ. ಹೊಸಬರು ಸೇರುತ್ತಲೇ ಇದ್ದರೆ ಮಾತ್ರ ನಡೆಯುವ ವ್ಯವಹಾರವು ಹೊಸಬರು ನಿಂತ ದಿನ ನಿಲ್ಲುತ್ತದೆ. ಎಮು ಹಕ್ಕಿ ಸಾಕಣೆಯ ಉದಾಹರಣೆ ನಮ್ಮ ನೆರೆಯಲ್ಲಿಯೇ ಇದೆ. ರೈತರಿಂದ ಠೇವಣಿ ಪಡೆದು, ಹಕ್ಕಿಗಳನ್ನು ಕೊಟ್ಟು, ತಿಂಗಳ ಹಣದ ಆಶ್ವಾಸನೆ ನೀಡಿದ ವ್ಯವಹಾರ ತಮಿಳುನಾಡಿನ ಈರೋಡ್ ಜಿಲ್ಲೆಯ ಪೆರುಂದುರೈ ಭಾಗದಲ್ಲಿ 2012ರಲ್ಲಿ ಕುಸಿದುಬಿತ್ತು. ಹಕ್ಕಿಗಳು ಉಳಿದವು, ಕೊಳ್ಳುವವರು ಉಳಿಯಲಿಲ್ಲ. ಛಾಪಾ ಕಾಗದದ ಮೇಲಿನ ಒಪ್ಪಂದ ಮಾರುಕಟ್ಟೆಯನ್ನು ಸೃಷ್ಟಿಸುವುದಿಲ್ಲ ಎಂಬುದೇ ಅದರಿಂದ ಕಲಿಯಬೇಕಾದ ಪಾಠ.

ಹತ್ತು ಚೀಲಗಳ ಪಾಠ

ಹತ್ತು ಚೀಲಗಳಿಗೆ ಬೇಕಾಗುವುದು ಹತ್ತು ಕಿಲೋ ಒಣ ಹುಲ್ಲು, ಸುಮಾರು ಒಂದು ಕಿಲೋ ಅಣಬೆ ಬೀಜ, ದೊಡ್ಡ ಹಂಡೆ ಮತ್ತು ನೆರಳಿನ ಒಂದು ಜಾಗ.

ಬೀಜ: ಅಣಬೆ ಬೀಜವೆಂದರೆ ಬೇಯಿಸಿದ ಜೋಳ ಅಥವಾ ಗೋಧಿಯ ಕಾಳಿನ ಮೇಲೆ ಬೆಳೆಸಿದ ಶಿಲೀಂಧ್ರ. ಕಾಳುಗಳ ತುಂಬ ಬಿಳಿ ಎಳೆಗಳು ಒಂದೇ ಸಮನಾಗಿ ಹಬ್ಬಿರಬೇಕು. ಹಸಿರು ಅಥವಾ ಕಪ್ಪು ಕಲೆ, ಹುಳಿ ವಾಸನೆ, ತಳದಲ್ಲಿ ನಿಂತ ನೀರು ಕಂಡರೆ ಕೊಳ್ಳಬೇಡಿ. ತಯಾರಿಸಿದ ದಿನಾಂಕ ಕೇಳಿ. ಒಂದು ತಿಂಗಳೊಳಗಿನ ಬೀಜ ಉತ್ತಮ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅಥವಾ ಕೃಷಿ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಮುಂಚಿತವಾಗಿ ವಿಚಾರಿಸಿ, ಬೀಜ ದೊರೆಯುವ ದಿನ ಗೊತ್ತಾದ ಮೇಲೆ ಹುಲ್ಲು ನೆನೆಸಿ. ಬೀಜವನ್ನು ಬಿಸಿಲಿನಲ್ಲಿ ಸಾಗಿಸಬಾರದು.

ಹುಲ್ಲು: ಮಳೆಯಲ್ಲಿ ನೆನೆಯದ, ಹೊಂಬಣ್ಣದ, ಆ ವರ್ಷದ ಹುಲ್ಲೇ ಆಗಬೇಕು. ಎರಡು ಅಂಗುಲದ ತುಂಡುಗಳಾಗಿ ಕತ್ತರಿಸಿ ಒಂದು ರಾತ್ರಿ ಶುದ್ಧ ನೀರಿನಲ್ಲಿ ನೆನೆಸಿರಿ. ಬಳಿಕ 80 ಡಿಗ್ರಿಗಿಂತ ಕಡಿಮೆಯಾಗದ ಬಿಸಿನೀರಿನಲ್ಲಿ ಒಂದು ಗಂಟೆ ಮುಳುಗಿಸಿಡಿ. ರಾಸಾಯನಿಕದಿಂದ ಸಂಸ್ಕರಿಸುವ ವಿಧಾನವೂ ಇದೆ. ಮನೆಯಲ್ಲಿ ಮಕ್ಕಳಿರುವಾಗ ಮತ್ತು ಕೆಲಸ ಹೊಸದಾಗಿರುವಾಗ ಬಿಸಿನೀರೇ ಸಾಕು. ನೀರು ಬಸಿದು, ಸ್ವಚ್ಛ ಜಾಗದಲ್ಲಿ ಹರಡಿ ತಣಿಸಿರಿ. ಹುಲ್ಲನ್ನು ಮುಷ್ಟಿಯಲ್ಲಿ ಹಿಂಡಿದಾಗ ನೀರು ತೊಟ್ಟಿಕ್ಕಬಾರದು, ಅಂಗೈ ಮಾತ್ರ ಒದ್ದೆಯಾಗಬೇಕು. ಹೊಸಬರ ಚೀಲಗಳು ಕೊಳೆಯುವುದು ಹೆಚ್ಚಾಗಿ ಈ ಹದ ತಪ್ಪುವುದರಿಂದಲೇ.

ತುಂಬುವುದು: ಕೈ ತೊಳೆದು, ಗಾಳಿ ಬೀಸದ ಕಡೆ ಕುಳಿತು, ಪಾಲಿಥಿನ್ ಚೀಲದಲ್ಲಿ ನಾಲ್ಕು ಬೆರಳು ಹುಲ್ಲು, ಅದರ ಮೇಲೆ ಅಂಚಿನ ಸುತ್ತ ಬೀಜ, ಮತ್ತೆ ಹುಲ್ಲು ಎಂಬಂತೆ ಪದರಗಳನ್ನು ಒತ್ತಿ ತುಂಬಿರಿ. ಒದ್ದೆ ಹುಲ್ಲಿನ ತೂಕದ ಶೇ. 3ರಷ್ಟು ಬೀಜ ಸಾಕು. ಬಾಯಿ ಕಟ್ಟಿ, ಸುತ್ತಲೂ ಸೂಜಿಯಿಂದ ಸಣ್ಣ ರಂಧ್ರಗಳನ್ನು ಮಾಡಿ ಕತ್ತಲೆಯ ಜಾಗದಲ್ಲಿ ಇಡಿ. 15ರಿಂದ 20 ದಿನಗಳಲ್ಲಿ ಚೀಲವೆಲ್ಲ ಬೆಳ್ಳಗಾಗುತ್ತದೆ.

ಫಸಲು: ಆಗ ಚೀಲವನ್ನು ಸೀಳಿ ತೂಗುಹಾಕಿ, ಮಂದ ಬೆಳಕು ಮತ್ತು ಗಾಳಿ ದೊರಕಿಸಿರಿ. ನೆಲಕ್ಕೆ ಮರಳು ಹಾಸಿ, ಸುತ್ತ ಗೋಣಿತಾಟು ಕಟ್ಟಿ, ದಿನಕ್ಕೆರಡು ಮೂರು ಬಾರಿ ನೀರು ಚಿಮುಕಿಸಿ ತಂಪು ಕಾಪಾಡಿ. ಸುಮಾರು ಒಂದು ವಾರದಲ್ಲಿ ಮೊಗ್ಗು ಮೂಡುತ್ತವೆ. ಚಿಪ್ಪಿನ ಅಂಚು ಮೇಲಕ್ಕೆ ಸುರುಳುವ ಮುನ್ನ, ನೀರು ಚಿಮುಕಿಸುವ ಮೊದಲು ಕೊಯ್ಯಿರಿ. ವಾರ ಹತ್ತು ದಿನಗಳ ಅಂತರದಲ್ಲಿ ಎರಡು ಮೂರು ಕೊಯ್ಲು ಸಿಗುತ್ತದೆ. ಹತ್ತು ಚೀಲಗಳಿಂದ ಒಟ್ಟು ಐದರಿಂದ ಎಂಟು ಕಿಲೋ ನಿರೀಕ್ಷಿಸಬಹುದು. ಮೊದಲ ಬಾರಿ ಒಂದೆರಡು ಚೀಲ ಕೆಟ್ಟರೆ ಎದೆಗುಂದಬೇಕಾಗಿಲ್ಲ. ಆದರೆ ಏಕೆ ಕೆಟ್ಟಿತೆಂಬುದನ್ನು ಬರೆದಿಡಿ. ಹಸಿರು ಬೂಷ್ಟು ಹರಡಿದ ಚೀಲವನ್ನು ಬಿಚ್ಚದೆ ದೂರ ಒಯ್ದು ಹೂಳಬೇಕು. ಫಸಲು ಮುಗಿದ ಒಳ್ಳೆಯ ಚೀಲದ ಹುಲ್ಲು ಎರೆಗೊಬ್ಬರಕ್ಕೆ ಉಪಯುಕ್ತ.

ಆರೋಗ್ಯದ ಎರಡು ಎಚ್ಚರಿಕೆಗಳು

ಬಲಿತ ಚಿಪ್ಪು ಅಣಬೆಯಿಂದ ಕಣ್ಣಿಗೆ ಕಾಣದ ಬೀಜಕಣಗಳು ಗಾಳಿಗೆ ಹಾರುತ್ತವೆ. ಇವು ಕೆಲವರಲ್ಲಿ ಕೆಮ್ಮು, ಜ್ವರ, ಉಸಿರಾಟದ ತೊಂದರೆ ಉಂಟುಮಾಡುತ್ತವೆ. ಮಲಗುವ ಕೋಣೆಯಲ್ಲಿ ಚೀಲ ತೂಗುಹಾಕಬೇಡಿ. ಕೊಯ್ಲಿನ ವೇಳೆ ಮೂಗು ಬಾಯಿಗಳನ್ನು ಮುಚ್ಚುವ ಮುಖಗವಸು ಧರಿಸಿ. ಆಸ್ತಮಾ ಇರುವವರು ಈ ಕೆಲಸದಿಂದ ದೂರವಿರಿ. ಎರಡನೆಯದಾಗಿ, ಚೀಲದಲ್ಲಿ ನೀವು ಬೆಳೆಸಿದ ಜಾತಿಯಲ್ಲದ ಬೇರಾವ ಅಣಬೆ ಮೂಡಿದರೂ ಅದನ್ನು ತಿನ್ನಬಾರದು, ಮಾರಬಾರದು.

ಮಾರಾಟ: ಮೊದಲು ಕೊಳ್ಳುವವರನ್ನು ಎಣಿಸಿ

ನಮ್ಮಲ್ಲಿ ಅಣಬೆ ತಿನ್ನದ ಮನೆಗಳೂ ಇವೆ, ಮಳೆಗಾಲದಲ್ಲಿ ಕಾಡಣಬೆಗೆ ಕಾಯುವ ಮನೆಗಳೂ ಇವೆ. ಆದ್ದರಿಂದ ಪಕ್ಕದ ತಾಲ್ಲೂಕಿನ ಅನುಭವ ನಿಮ್ಮ ಊರಿಗೆ ಹೊಂದಬೇಕೆಂದಿಲ್ಲ. ಮೊದಲ ಕೊಯ್ಲನ್ನು ಮನೆಯಲ್ಲಿ ಬಳಸಿ, ನೆರೆಹೊರೆಗೆ ಕೊಟ್ಟು, ಎರಡನೆಯ ಕೊಯ್ಲಿನಿಂದ ಹಣ ಪಡೆದು ಮಾರಿರಿ. ವಾರಕ್ಕೆ ಎಷ್ಟು ಮನೆ, ಎಷ್ಟು ಹೋಟೆಲ್, ಎಷ್ಟು ತರಕಾರಿ ಅಂಗಡಿ ಖಚಿತವಾಗಿ ಕೊಳ್ಳುತ್ತವೆಂದು ಪಟ್ಟಿ ಮಾಡಿ. ಆ ಪಟ್ಟಿಯ ಒಟ್ಟು ತೂಕವೇ ನಿಮ್ಮ ಘಟಕದ ಅಳತೆ. ವಾರಕ್ಕೆ ಆರು ಕಿಲೋ ಹೋಗುವಂತಿದ್ದರೆ ವಾರಕ್ಕೆ ಹತ್ತು ಚೀಲ ತುಂಬಿದರೆ ಸಾಕು. ಒಮ್ಮೆಲೇ ನೂರು ಚೀಲ ತುಂಬಿದರೆ ಫಸಲೂ ಒಮ್ಮೆಲೇ ಬರುತ್ತದೆ, ಬೆಲೆ ಇಳಿಯುತ್ತದೆ. ಒಣಗಿಸಿ ಪುಡಿಮಾಡಿ ಪೊಟ್ಟಣದಲ್ಲಿ ಮಾರುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಿಕೊಳ್ಳಿ. ಪೊಟ್ಟಣದ ಮೇಲೆ ರೋಗ ವಾಸಿಯಾಗುತ್ತದೆಂದು ಬರೆಯಬೇಡಿ. ಅಣಬೆ ಪೌಷ್ಟಿಕ ಆಹಾರ, ಔಷಧಿಯಲ್ಲ.

2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆ ಯೋಜನೆಯು ಸಂಸ್ಕರಣಾ ಘಟಕಗಳಿಗೆ ಶೇ. 35ರ ಸಹಾಯಧನವನ್ನು ಬ್ಯಾಂಕ್ ಸಾಲದೊಂದಿಗೆ ಜೋಡಿಸಿತು. ಇಂತಹ ನೆರವು ಉಪಯುಕ್ತವೇ. ಆದರೆ ಸಹಾಯಧನ ಕಳೆದು ಉಳಿದ ಸಾಲವನ್ನು ತೀರಿಸುವವರು ನೀವು. ಎರಡು ಋತುಗಳ ಮಾರಾಟದ ಪುಸ್ತಕ ಕೈಯಲ್ಲಿರುವಾಗ ಮಾತ್ರ ಅರ್ಜಿ ಹಾಕಿ.

ವಿಸ್ತರಣಾ ಕಾರ್ಯಕರ್ತರಿಗೆ

ತರಬೇತಿ ಪಡೆದವರ ಸಂಖ್ಯೆಯಿಂದ ಕಾರ್ಯಕ್ರಮದ ಯಶಸ್ಸನ್ನು ಅಳೆಯುವ ರೂಢಿಯಿದೆ. ಆರು ತಿಂಗಳ ನಂತರವೂ ಚೀಲ ತುಂಬುತ್ತಿರುವವರ ಸಂಖ್ಯೆಯೇ ನಿಜವಾದ ಅಳತೆ. ಸಂಜೀವಿನಿ ಒಕ್ಕೂಟದ ಸಂಘವೊಂದಕ್ಕೆ ತರಬೇತಿ ನೀಡುವಾಗ ಬೀಜದ ಪೂರೈಕೆಯ ದಿನಗಳನ್ನು ಮೊದಲೇ ಗೊತ್ತುಪಡಿಸಿ. ಐದು ಮನೆಗಳು ಬೇರೆಬೇರೆ ವಾರಗಳಲ್ಲಿ ಚೀಲ ತುಂಬುವಂತೆ ಸರದಿ ಮಾಡಿದರೆ ಅಂಗಡಿಗೆ ಪ್ರತಿವಾರ ಒಂದೇ ಪ್ರಮಾಣದ ಅಣಬೆ ತಲುಪುತ್ತದೆ. ಯಾರಾದರೂ ಮರುಖರೀದಿ ಒಪ್ಪಂದದ ಪ್ರತಿ ತಂದರೆ ಮೇಲಿನ ನಾಲ್ಕು ಪ್ರಶ್ನೆಗಳನ್ನು ಅವರೊಡನೆ ಕುಳಿತು ಓದಿ.

ಹೊಸದಾಗಿ ಆರಂಭಿಸುವವರು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮುಂದಿನ ತರಬೇತಿಯ ದಿನಾಂಕವನ್ನು ವಿಚಾರಿಸಿ, ಹತ್ತು ಕಿಲೋ ಒಳ್ಳೆಯ ಹುಲ್ಲನ್ನು ಮಳೆಗೆ ಸಿಗದಂತೆ ಈಗಲೇ ತೆಗೆದಿರಿಸಿಕೊಳ್ಳಬಹುದು. ಚೀಲ ತುಂಬಿದ ದಿನ, ಕೊಯ್ದ ತೂಕ, ಮಾರಿದ ದರ ಇವುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಘಟಕವನ್ನು ದೊಡ್ಡದು ಮಾಡಬೇಕೇ ಬೇಡವೇ ಎಂಬುದನ್ನು ಜಾಹೀರಾತಿಗಿಂತ ಆ ಪುಸ್ತಕವೇ ಸರಿಯಾಗಿ ಹೇಳುತ್ತದೆ.