ಒಂದು ಚಂಡಮಾರುತ, ಮೂರು ಲೆಕ್ಕ

ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಾಣಿಜ್ಯ ವಿಭಾಗ

ಫಿಲಿಪ್ಪೀನ್ಸ್ ಸರ್ಕಾರ ಒಂದೇ ಚಂಡಮಾರುತಕ್ಕೆ ಮೂರು ನಷ್ಟದ ಲೆಕ್ಕ ಕೊಟ್ಟಿದೆ. ಒಂದರ ಪ್ರಕಾರ ಸುಮಾರು 8,960 ಕೋಟಿ ಪೆಸೊ. ಇನ್ನೊಂದರ ಪ್ರಕಾರ 13,240 ಕೋಟಿ. ಮತ್ತೊಂದರ ಪ್ರಕಾರ 57,110 ಕೋಟಿ. ಅರ್ಥಶಾಸ್ತ್ರದ ಪ್ರಾಜೆಕ್ಟ್‌ಗೆ ಓದುವಾಗ ಈ ಮೂರೂ ಅಂಕಿಗಳು ನನ್ನ ಕಣ್ಣಿಗೆ ಬಿದ್ದವು. ನಮಗೆ ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಹತ್ತು ರೂಪಾಯಿ ವ್ಯತ್ಯಾಸ ಬಂದರೂ ಅಂಕ ಹೋಗುತ್ತದೆ. ಒಂದು ದೇಶದ ಲೆಕ್ಕದಲ್ಲಿ ಇಷ್ಟೊಂದು ಕೋಟಿ ವ್ಯತ್ಯಾಸ ಹೇಗೆ ಬರುತ್ತದೆ? ಇದರಲ್ಲಿ ಯಾವುದು ಸುಳ್ಳು? ಓದುತ್ತಾ ಹೋದಂತೆ, ಯಾವುದೂ ಪೂರ್ತಿ ಸುಳ್ಳಲ್ಲ ಎಂದು ಗೊತ್ತಾಯಿತು. ಆದರೆ ನೆಮ್ಮದಿ ಆಗಲಿಲ್ಲ, ಚಿಂತೆಯೇ ಹೆಚ್ಚಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

2013ರ ನವೆಂಬರ್ 8ರ ಬೆಳಗಿನ ಜಾವ ಹೈಯಾನ್ ಎಂಬ ಚಂಡಮಾರುತ ಫಿಲಿಪ್ಪೀನ್ಸ್‌ನ ಪೂರ್ವ ಸಮಾರ್ ಪ್ರಾಂತ್ಯದ ಗಿವಾನ್ ಎಂಬಲ್ಲಿ ದಡ ಮುಟ್ಟಿತು. ಆ ದೇಶದವರು ಅದನ್ನು ಯೋಲಾಂಡಾ ಎಂದು ಕರೆಯುತ್ತಾರೆ. ಗಾಳಿಯ ವೇಗ ಗಂಟೆಗೆ 315 ಕಿಲೋಮೀಟರ್ ಇತ್ತು ಎಂದು ಅಮೆರಿಕದ ಹವಾಮಾನ ಕೇಂದ್ರ ಅಂದಾಜು ಮಾಡಿತ್ತು. ಪೆಸಿಫಿಕ್ ಸಾಗರದ ಆ ಭಾಗದಲ್ಲಿ ಇಂಥ ಗಾಳಿಗೆ ಟೈಫೂನ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಮಾತಾಡುವ ಉರ್ದುವಿನ 'ತೂಫಾನ್' ಕೂಡ ಆ ಇಂಗ್ಲಿಷ್ ಪದದ ಹುಟ್ಟಿನಲ್ಲಿ ಸೇರಿದೆ ಎಂದು ನಿಘಂಟಿನಲ್ಲಿ ಓದಿ ನನಗೆ ಆಶ್ಚರ್ಯವಾಯಿತು. ಲೇಯ್ಟೆ ದ್ವೀಪದ ಟಕ್ಲೋಬಾನ್ ನಗರಕ್ಕೆ ಅತಿ ಹೆಚ್ಚು ಹೊಡೆತ ಬಿತ್ತು. ಅಧಿಕೃತ ಲೆಕ್ಕದಲ್ಲಿ 6,300 ಜನ ಸತ್ತರು, ಸಾವಿರಕ್ಕೂ ಹೆಚ್ಚು ಜನ ಸಿಗಲೇ ಇಲ್ಲ. ಸುಮಾರು 11 ಲಕ್ಷ ಮನೆಗಳು ಹಾಳಾದವು, 40 ಲಕ್ಷ ಜನ ಮನೆ ಬಿಟ್ಟು ಹೋಗಬೇಕಾಯಿತು.

ಸರ್ಕಾರ ಸುಮ್ಮನೆ ಕೂತಿತ್ತು ಎಂದು ಹೇಳಿದರೆ ತಪ್ಪಾಗುತ್ತದೆ. ಗಾಳಿ ಬರುವ ಮುಂಚೆಯೇ ಸುಮಾರು ಎಂಟು ಲಕ್ಷ ಜನರನ್ನು ಸ್ಥಳಾಂತರ ಮಾಡಿದ್ದರು. ಅಧ್ಯಕ್ಷ ಬೆನಿಗ್ನೊ ಅಕಿನೊ ಹಿಂದಿನ ದಿನವೇ ಟಿವಿಯಲ್ಲಿ ಬಂದು ಎಚ್ಚರಿಸಿದ್ದರು. ನವೆಂಬರ್ 11ಕ್ಕೆ ರಾಷ್ಟ್ರೀಯ ವಿಪತ್ತು ಎಂದು ಘೋಷಿಸಿ, ಅಗತ್ಯ ವಸ್ತುಗಳ ಬೆಲೆ ಏರದಂತೆ ತಡೆದರು. ವ್ಯವಹಾರ ಓದುವ ನನಗೆ ಈ ಕೊನೆಯದು ಬಹಳ ಮುಖ್ಯವಾಗಿ ಕಂಡಿತು. ನೀರಿನ ಬಾಟಲಿ ಮಾರುವವನೇ ರಾಜನಾಗುವ ದಿನಗಳು ಅವು.

ಹಾಗಿದ್ದರೂ ಇಷ್ಟು ಜನ ಸತ್ತರು. ಹೆಚ್ಚಿನವರನ್ನು ಕೊಂದದ್ದು ಗಾಳಿಯಲ್ಲ, ಅದರ ಜೊತೆ ಒಳಗೆ ನುಗ್ಗಿದ ಸಮುದ್ರ. ಏಳು ಮೀಟರ್‌ವರೆಗೂ ನೀರು ಏಳಬಹುದು ಎಂದು ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟಿತ್ತು. ಆದರೆ ಕೊಟ್ಟದ್ದು 'ಸ್ಟಾರ್ಮ್ ಸರ್ಜ್' ಎಂಬ ಇಂಗ್ಲಿಷ್ ಮಾತಿನಲ್ಲಿ. ಟಕ್ಲೋಬಾನ್‌ನ ಜನ ಮನೆಯಲ್ಲಿ ಮಾತಾಡುವುದು ವಾರಾಯ್ ಭಾಷೆ. ಸುನಾಮಿ ಎಂದಿದ್ದರೆ ಓಡಿಹೋಗುತ್ತಿದ್ದೆವು, ಈ ಪದ ನಮಗೆ ಅರ್ಥವಾಗಲಿಲ್ಲ ಎಂದು ಬದುಕಿ ಉಳಿದವರು ಆಮೇಲೆ ಹೇಳಿದರು. ಸುರಕ್ಷಿತ ಎಂದು ಜನರನ್ನು ಸೇರಿಸಿದ್ದ ಕೆಲವು ಕಟ್ಟಡಗಳಿಗೂ ನೀರು ನುಗ್ಗಿತು. ಇದನ್ನು ಓದಿದಾಗ ನನಗೆ ನಮ್ಮ ದಾದಿ ನೆನಪಾದರು. ಅವರಿಗೆ ಕನ್ನಡ ಮಾತು ಚೆನ್ನಾಗಿ ಬರುತ್ತದೆ, ಓದಲು ಬರುವುದಿಲ್ಲ. ಮನೆಗೆ ಯಾವ ಸರ್ಕಾರಿ ಕಾಗದ ಬಂದರೂ "ಏ ಕ್ಯಾ ಲಿಖ್ಕೋ ಹೈ ದೇಖ್" ಎಂದು ನನ್ನ ಕೈಗೆ ಕೊಡುತ್ತಾರೆ. ಕಾಗದ ಓದಿ ಉರ್ದುವಿನಲ್ಲಿ ಹೇಳಲು ಮನೆಯಲ್ಲಿ ಒಬ್ಬರಿದ್ದಾರೆ, ಸರಿ. ಗಾಳಿ ಬೀಸುವ ರಾತ್ರಿ ಓದಿ ಹೇಳುವವರು ಪಕ್ಕದಲ್ಲಿ ಇರುತ್ತಾರೆ ಎಂದು ಏನು ಗ್ಯಾರಂಟಿ?

ಈಗ ಲೆಕ್ಕಕ್ಕೆ ಬರೋಣ. ಮೊದಲು ಸತ್ತವರ ಲೆಕ್ಕ. ಚಂಡಮಾರುತ ಬಂದ ಒಂದೆರಡು ದಿನದಲ್ಲಿ ಆ ಪ್ರದೇಶದ ಪೊಲೀಸ್ ಮುಖ್ಯಸ್ಥರು, ಲೇಯ್ಟೆಯಲ್ಲಿ ಸತ್ತವರು ಹತ್ತು ಸಾವಿರ ಇರಬಹುದು ಎಂದರು. ನವೆಂಬರ್ 12ರಂದು ಅಧ್ಯಕ್ಷರು ಒಂದು ವಿದೇಶಿ ಟಿವಿ ವಾಹಿನಿಗೆ, ಅದು ಜಾಸ್ತಿಯಾಯಿತು, ಎರಡು ಸಾವಿರದಿಂದ ಎರಡೂವರೆ ಸಾವಿರ ಇರಬಹುದು ಎಂದರು. ಪೊಲೀಸ್ ಮುಖ್ಯಸ್ಥರನ್ನು ಕೆಲವೇ ದಿನಗಳಲ್ಲಿ ಆ ಹುದ್ದೆಯಿಂದ ಬಿಡುಗಡೆ ಮಾಡಿದರು. ಕೊನೆಗೆ ಬಂದ ಸಂಖ್ಯೆ 6,300. ಇಬ್ಬರ ಅಂದಾಜೂ ಸರಿಯಾಗಲಿಲ್ಲ. ಆದರೆ ಹುದ್ದೆ ಕಳೆದುಕೊಂಡದ್ದು ಹೆಚ್ಚು ಹೇಳಿದವರು ಮಾತ್ರ. ಇದನ್ನು ನೋಡಿದ ಕೆಳಗಿನ ಅಧಿಕಾರಿ ಮುಂದಿನ ಸಲ ಯಾವ ಕಡೆಗೆ ತಪ್ಪು ಮಾಡುತ್ತಾನೆ? ಶವ ಎಣಿಸದೆ ಸಂಖ್ಯೆ ಹೇಳಬಾರದು ಎಂಬ ನಿಯಮ ಒಳ್ಳೆಯದೇ. ಆದರೆ ಆ ನಿಯಮ ಅಧ್ಯಕ್ಷರಿಗೂ ಅನ್ವಯಿಸಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಇನ್ನು ಹಣದ ಲೆಕ್ಕ. 57,110 ಕೋಟಿಯ ಅಂದಾಜು ಬಂದದ್ದು 2013ರ ಡಿಸೆಂಬರ್‌ನಲ್ಲಿ, ಚಂಡಮಾರುತ ಬಂದು ಆರು ವಾರ ಆಗುವ ಮೊದಲೇ. ಆಗ ಪುನರ್ನಿರ್ಮಾಣಕ್ಕೆ 36,080 ಕೋಟಿ ಪೆಸೊ ಬೇಕು ಎಂದಿದ್ದರು. ಮುಂದಿನ ವರ್ಷ ಊರೂರಿನಿಂದ ವಿವರ ತಂದು ಮತ್ತೆ ಲೆಕ್ಕ ಹಾಕಿದಾಗ ಒಟ್ಟು 13,240 ಕೋಟಿಗೆ ಇಳಿಯಿತು. ಅದರಲ್ಲಿ ಹಾನಿ 8,960 ಕೋಟಿ, ನಷ್ಟ 4,280 ಕೋಟಿ. 2014ರ ಅಕ್ಟೋಬರ್‌ನಲ್ಲಿ ಅಧ್ಯಕ್ಷರು ಒಪ್ಪಿದ ಯೋಜನೆ 16,790 ಕೋಟಿಯದು. ಅಂದರೆ ಮೊದಲು ಹೇಳಿದ್ದರ ಅರ್ಧಕ್ಕಿಂತ ಕಡಿಮೆ.

ಹಾನಿ ಮತ್ತು ನಷ್ಟ ಬೇರೆ ಬೇರೆ ಎಂಬುದು ನಮ್ಮ ವಿಭಾಗದವರಿಗೆ ಬೇಗ ಅರ್ಥವಾಗಬೇಕು. ಅರ್ಥಶಾಸ್ತ್ರದಲ್ಲಿ ಸ್ಟಾಕ್ ಮತ್ತು ಫ್ಲೋ ಓದಿದ್ದೇವಲ್ಲ, ಅದೇ. ಬಿದ್ದ ಗೋಡೆ, ಮುಳುಗಿದ ದೋಣಿ ಹಾನಿ. ಆ ದೋಣಿ ಇಲ್ಲದ್ದರಿಂದ ಮುಂದಿನ ಆರು ತಿಂಗಳು ಬಾರದ ಮೀನಿನ ದುಡ್ಡು ನಷ್ಟ. ಒಂದು ವರದಿ ಹಾನಿ ಮಾತ್ರ ಹೇಳುತ್ತದೆ, ಇನ್ನೊಂದು ಎರಡನ್ನೂ ಕೂಡಿಸಿ ಹೇಳುತ್ತದೆ. ಪತ್ರಿಕೆಯಲ್ಲಿ ಎರಡಕ್ಕೂ 'ನಷ್ಟ' ಎಂದೇ ಶೀರ್ಷಿಕೆ.

ತೆಂಗಿನ ಮರದ ಉದಾಹರಣೆ ತೆಗೆದುಕೊಳ್ಳಿ. ತಿಪಟೂರು, ತುರುವೇಕೆರೆ ಕಡೆಯ ಸಹಪಾಠಿಗಳಿಗೆ ನಾನು ಹೇಳಿಕೊಡಬೇಕಾಗಿಲ್ಲ. ಯೋಲಾಂಡಾದಲ್ಲಿ ಸುಮಾರು 3.3 ಕೋಟಿ ತೆಂಗಿನ ಮರಗಳು ಹಾಳಾದವು ಎಂದು ಅಲ್ಲಿನ ತೆಂಗು ಪ್ರಾಧಿಕಾರ ಹೇಳಿತು. ಭತ್ತ ಹೋದರೆ ಮುಂದಿನ ಹಂಗಾಮಿಗೆ ಮತ್ತೆ ಬಿತ್ತಬಹುದು. ತೆಂಗಿನ ಸಸಿ ನೆಟ್ಟರೆ ಫಸಲಿಗೆ ಆರರಿಂದ ಎಂಟು ವರ್ಷ ಕಾಯಬೇಕು. ಒಂದು ಮರಕ್ಕೆ ಇಷ್ಟು ಎಂದು ಬೆಲೆ ಕಟ್ಟಿದರೆ ಆ ಎಂಟು ವರ್ಷ ಯಾವ ಕಾಲಂನಲ್ಲಿ ಬರುತ್ತದೆ? ಇನ್ನೂ ಒಂದು ಮಾತಿದೆ. ಅಲ್ಲಿ ತೆಂಗಿನ ತೋಟದಲ್ಲಿ ದುಡಿಯುವ ಎಷ್ಟೋ ಜನಕ್ಕೆ ಭೂಮಿ ಸ್ವಂತದ್ದಲ್ಲ, ಪಾಲಿಗೆ ಮಾಡುತ್ತಾರೆ. ಮರ ಹೋದದ್ದು ಒಡೆಯನ ಆಸ್ತಿಯಾಗಿ ಲೆಕ್ಕಕ್ಕೆ ಬರುತ್ತದೆ. ಪಾಲುಗಾರನ ಕೈಗೆ ಬಾರದ ಕೊಬ್ಬರಿ ದುಡ್ಡು ಯಾರ ಹೆಸರಿನಲ್ಲೂ ಬರುವುದಿಲ್ಲ.

ಕೋಟಿಗಳ ವರದಿಯಿಂದ ಕೆಳಗಿಳಿದರೆ ಮನೆಮನೆಯ ಪಟ್ಟಿ ಸಿಗುತ್ತದೆ. ಪೂರ್ತಿ ಬಿದ್ದ ಮನೆಗೆ 30,000 ಪೆಸೊ, ಭಾಗಶಃ ಬಿದ್ದ ಮನೆಗೆ 10,000 ಪೆಸೊ ಎಂದು ಸಮಾಜ ಕಲ್ಯಾಣ ಇಲಾಖೆ ನಿಗದಿ ಮಾಡಿತು. ತಿಂಗಳ ಆದಾಯ 15,000 ಪೆಸೊಗಿಂತ ಹೆಚ್ಚಿದ್ದವರನ್ನು ಬಿಟ್ಟರು. ಬಡವರಿಗೆ ಮೊದಲು ಸಿಗಲಿ ಎಂಬ ಉದ್ದೇಶ ಇರಬಹುದು. ಆದರೆ ಸಮುದ್ರ ಸಂಬಳದ ಚೀಟಿ ನೋಡಿ ಮನೆಗೆ ನುಗ್ಗಲಿಲ್ಲ. ಸಂಬಳ ಇದ್ದ ಮೇಷ್ಟ್ರ ಮನೆಯೂ ಹೋಯಿತು, ಕಟ್ಟಿಕೊಳ್ಳುವ ದುಡ್ಡು ಅವರ ಹತ್ತಿರವೂ ಇರಲಿಲ್ಲ. ಇದರ ಮೇಲೆ ದಡದಿಂದ 40 ಮೀಟರ್ ಒಳಗೆ ಮನೆ ಕಟ್ಟಬಾರದು ಎಂಬ ನಿಯಮ ಬಂತು. ಅಲ್ಲಿ ಇದ್ದವರು ಹೆಚ್ಚಾಗಿ ಮೀನುಗಾರರು. ಜೀವದ ದೃಷ್ಟಿಯಿಂದ ನಿಯಮ ಸರಿ, ಹೊಟ್ಟೆಯ ದೃಷ್ಟಿಯಿಂದ ಸರಿಯಲ್ಲ. ಅವರಿಗಾಗಿ ದೂರದಲ್ಲಿ ಕಟ್ಟಿದ ಎಷ್ಟೋ ಮನೆಗಳು ನೀರು, ಕರೆಂಟು ಇಲ್ಲದೆ ವರ್ಷಗಟ್ಟಲೆ ಖಾಲಿ ಇದ್ದವು. ಪಟ್ಟಿಯಿಂದ ಬಿಟ್ಟುಹೋದವರು ಎಷ್ಟು ಜನರಿದ್ದರು ಎಂದರೆ, ಮುಂದೆ ಡುಟೆರ್ಟೆ ಅಧ್ಯಕ್ಷರಾದ ಮೇಲೆ ಅಂಥವರಿಗೆಂದೇ ತಲಾ 5,000 ಪೆಸೊ ಕೊಡಬೇಕಾಯಿತು. ಮೂವತ್ತು ಸಾವಿರದ ಜಾಗದಲ್ಲಿ ಐದು ಸಾವಿರ, ಅದೂ ಮೂರು ವರ್ಷಕ್ಕಿಂತ ತಡವಾಗಿ.

ದೂರದ ದೇಶದ ಕಥೆ, ನಮಗೇಕೆ ಎಂದು ಕೇಳಬಹುದು. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ತುಂಬಿ ಹರಿದಾಗ ನನ್ನ ಖಾಲಾ ಅವರ ಮನೆಯೊಳಗೆ ಎದೆಮಟ್ಟ ನೀರು ನಿಂತಿತ್ತು. ಬಾಡಿಗೆ ಮನೆ. ನೀರು ಇಳಿದ ಮೇಲೆ ಅಧಿಕಾರಿಗಳು ಬಂದು ಗೋಡೆ ನೋಡಿದರು, ಫೋಟೊ ತೆಗೆದರು. ನಮ್ಮ ರಾಜ್ಯದಲ್ಲೂ ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ ಪರಿಹಾರ ಕೊಡುತ್ತಿದ್ದರು. ಮನೆಯ ಪರಿಹಾರ ಮಾಲೀಕರಿಗೆ ಹೋಯಿತು. ಅದು ನ್ಯಾಯವೇ, ಗೋಡೆ ಅವರದು. ಖಾಲಾಗೆ ತಕ್ಷಣದ ಪರಿಹಾರ ಹತ್ತು ಸಾವಿರ ರೂಪಾಯಿ ಸಿಕ್ಕಿತು. ಆದರೆ ಅವರ ಹೊಲಿಗೆ ಯಂತ್ರ, ಬಕ್ರೀದ್‌ಗೆಂದು ಗಿರಾಕಿಗಳು ಹೊಲಿಯಲು ಕೊಟ್ಟಿದ್ದ ಬಟ್ಟೆ, ಆ ಬಟ್ಟೆಗಳ ದುಡ್ಡು ವಾಪಸ್ ಕೊಡಲು ಮಾಡಿದ ಸಾಲ, ಇವನ್ನು ಬರೆಯಲು ಆ ನಮೂನೆಯಲ್ಲಿ ಜಾಗವೇ ಇರಲಿಲ್ಲ. ಬಂದಿದ್ದವರು ಕೆಟ್ಟವರೇನಲ್ಲ. "ಅಮ್ಮಾ, ನಮಗೆ ಕೊಟ್ಟ ಫಾರಂನಲ್ಲಿ ಇದ್ದದ್ದನ್ನು ಮಾತ್ರ ಬರೆಯಬಹುದು" ಎಂದರಂತೆ. ಪಾಲಿಗೆ ಕೊಬ್ಬರಿ ಮಾಡುವ ಲೇಯ್ಟೆಯ ರೈತನಿಗೂ ನಮ್ಮ ಖಾಲಾಗೂ ತೊಂದರೆ ಒಂದೇ. ಅವರ ಹತ್ತಿರ ಇದ್ದದ್ದು ಆಸ್ತಿ ಅಲ್ಲ, ಸಂಪಾದನೆ.

ನಮ್ಮ ಅಬ್ಬಾ ಈ ವಿಷಯದಲ್ಲಿ ನನ್ನ ಜೊತೆ ವಾದ ಮಾಡಿದರು. ಪಾತ್ರೆ, ಬಟ್ಟೆ, ಬರಬೇಕಾದ ದುಡ್ಡು ಎಲ್ಲ ಬರೆಯುತ್ತಾ ಕೂತರೆ ವರ್ಷವಾದರೂ ಯಾರಿಗೂ ಒಂದು ರೂಪಾಯಿ ಸಿಗುವುದಿಲ್ಲ, ಸುಳ್ಳು ಬರೆಸುವವರು ಮೊದಲು ಬರುತ್ತಾರೆ ಎಂದರು. ಅವರು ಅಂಗಡಿ ನಡೆಸುವವರು, ಜನರನ್ನು ನೋಡಿದವರು. ಈ ಮಾತನ್ನು ತಳ್ಳಿಹಾಕಲು ಆಗುವುದಿಲ್ಲ. ಆದರೆ ಎರಡು ಕೆಲಸಗಳನ್ನು ಒಂದೇ ಪಟ್ಟಿಯಿಂದ ಮಾಡಲು ಹೋಗುವುದೇ ತೊಂದರೆ ಎಂದು ನನಗೆ ಅನಿಸುತ್ತದೆ. ಮೊದಲ ವಾರದ ದುಡ್ಡು, ಅಕ್ಕಿ, ಟಾರ್ಪಾಲಿಗೆ ಹೆಚ್ಚು ಪ್ರಶ್ನೆ ಬೇಡ, ನೀರು ಬಂದ ಬೀದಿ ಎಂದರೆ ಸಾಕು. ಎರಡನೆಯ ಲೆಕ್ಕ ನಿಧಾನವಾಗಿ ಆಗಲಿ. ಅದರಲ್ಲಿ ಬಾಡಿಗೆದಾರ, ಪಾಲುಗಾರ, ದಿನಗೂಲಿಯವರಿಗೆ ಬೇರೆ ಕಾಲಂ ಇರಲಿ. ಪಟ್ಟಿಯನ್ನು ಪಂಚಾಯಿತಿ ಗೋಡೆಗೆ ಅಂಟಿಸಲಿ, ಜನ ಓದುವ ಎಲ್ಲ ಭಾಷೆಗಳಲ್ಲಿ. ತಕರಾರು ಇದ್ದವರಿಗೆ ಇಷ್ಟು ದಿನ ಎಂದು ಅವಕಾಶ ಕೊಡಲಿ. ಸುಳ್ಳು ಬರೆಸಿದವರನ್ನು ಹಿಡಿಯಲು ಪಕ್ಕದ ಮನೆಯವರಿಗಿಂತ ಒಳ್ಳೆಯ ಆಡಿಟರ್ ಯಾರೂ ಇಲ್ಲ.

ಆಡಿಟ್ ಎಂದಾಗ ಫಿಲಿಪ್ಪೀನ್ಸ್‌ನಿಂದ ಕಲಿಯಬೇಕಾದ ಒಂದು ಒಳ್ಳೆಯ ಸಂಗತಿಯೂ ಇದೆ. ವಿದೇಶದಿಂದ ಬರುವ ನೆರವನ್ನು ಜನ ನೋಡಲಿ ಎಂದು ಆ ಸರ್ಕಾರ ಅದೇ ತಿಂಗಳು 'ಫೇತ್' ಎಂಬ ಅಂತರ್ಜಾಲ ತಾಣ ತೆರೆಯಿತು. ಅಲ್ಲಿನ ಲೆಕ್ಕಪರಿಶೋಧನಾ ಆಯೋಗ 2014ರಲ್ಲಿ ತನ್ನದೇ ಸರ್ಕಾರದ ಇಲಾಖೆಯ ಬಗ್ಗೆ ವರದಿ ಬರೆದು, ಏಳು ಸಾವಿರಕ್ಕೂ ಹೆಚ್ಚು ಆಹಾರದ ಪೊಟ್ಟಣಗಳು ಹಂಚದೆ ಕೆಟ್ಟುಹೋದವು ಎಂದು ಬಯಲಿಗೆ ತಂದಿತು. ಯಾರಿಗೂ ಇಷ್ಟವಾಗುವ ವರದಿ ಅದಲ್ಲ. ಆದರೂ ಪ್ರಕಟವಾಯಿತು. ಸಿಎ ಆಗಬೇಕು ಎಂದು ಹೇಳುವ ನಮ್ಮ ತರಗತಿಯ ಅರ್ಧ ಜನರಿಗೆ ಇಂಥ ಕೆಲಸವೂ ಇದೆ ಎಂದು ಗೊತ್ತಿರಲಿ. ಆಡಿಟ್ ಎಂದರೆ ಕಂಪನಿಗಳ ತೆರಿಗೆ ಉಳಿಸುವುದು ಮಾತ್ರ ಎಂದು ನಾನೂ ಕೇಳುತ್ತಾ ಬೆಳೆದವಳು.

ನಮ್ಮ ಕಾಲೇಜಿನ ಎನ್‌ಎಸ್‌ಎಸ್ ಘಟಕಕ್ಕೆ ಒಂದು ಸಲಹೆ. ಪ್ರತಿ ವರ್ಷ ಗಿಡ ನೆಡುತ್ತೇವೆ, ಸ್ವಚ್ಛತಾ ಜಾಥಾ ಮಾಡುತ್ತೇವೆ. ಈ ಸಲ ಮುಂಗಾರಿಗೆ ಮೊದಲು ಕೆರೆ ಕೆಳಗಿನ ಬೀದಿಗಳಿಗೆ ಹೋಗಿ, ಬಾಡಿಗೆ ಮನೆಗಳಲ್ಲಿ ಇರುವವರಿಗೆ ಒಂದು ಹಾಳೆಯ ಪಟ್ಟಿ ಬರೆದುಕೊಡೋಣ: ಹೊಲಿಗೆ ಯಂತ್ರ, ತಳ್ಳುಗಾಡಿ, ಗ್ರೈಂಡರ್, ಮಕ್ಕಳ ಅಂಕಪಟ್ಟಿ, ಯಾವುದು ಯಾವಾಗ ಕೊಂಡದ್ದು, ರಸೀದಿ ಇದೆಯೋ ಇಲ್ಲವೋ. ಜೊತೆಗೆ ಒಂದು ಫೋಟೊ ತೆಗೆದು ಅವರದೇ ಮೊಬೈಲ್‌ನಲ್ಲಿ ಇಟ್ಟುಕೊಡೋಣ. ಹತ್ತು ಮನೆಗೆ ಒಂದು ಭಾನುವಾರ ಸಾಕು. ಕನ್ನಡ, ಉರ್ದು ಎರಡರಲ್ಲೂ ನಮೂನೆ ನಾನು ತಯಾರು ಮಾಡಿದ್ದೇನೆ, ಅರ್ಥಶಾಸ್ತ್ರದ ಮ್ಯಾಡಮ್ ತಿದ್ದಿಕೊಟ್ಟಿದ್ದಾರೆ. ಬರುವವರು ವಾಣಿಜ್ಯ ವಿಭಾಗದ ನೋಟಿಸ್ ಬೋರ್ಡ್ ಪಕ್ಕದ ಹಾಳೆಯಲ್ಲಿ ಹೆಸರು ಬರೆಯಿರಿ. ವಿಜ್ಞಾನ ವಿಭಾಗದವರೂ ಬರಬಹುದು, ಕೂಡಿಸಲು ಬಂದರೆ ಸಾಕು.